ಆಗಿಬಂದ ಕಾರ್ಡು

ಯಾವ ಸಾಫ್ಟ್‌ವೇರ್ ಕೊಳ್ಳಬೇಕು ಎಂದು ಗಫೂರ್ ಯೋಚಿಸಲು ಕೂತು ಏಳು ವಾರವಾಗಿತ್ತು. ಅಷ್ಟರಲ್ಲಿ ಹನ್ನೊಂದು ಗಿರಾಕಿಗಳು ಬಂದು, ಕೇಳಿ, ಬೇರೆ ಅಂಗಡಿ ನೋಡಿಕೊಂಡಿದ್ದರು. ಅವರನ್ನೆಲ್ಲ ಬಾಗಿಲವರೆಗೆ ಹೋಗಿ ಬೀಳ್ಕೊಡುವ ಕೆಲಸ ಅವನ ಹೆಂಡತಿ ಶಾಹಿದಾಳದು.

ಅಮೆರಿಕದಲ್ಲಿ, ಫ್ರೀಮಾಂಟಿನ ಪಕ್ಕದ ನೆವಾರ್ಕ್‌ನ ಒಂದು ಸಾಲುಮಳಿಗೆಯಲ್ಲಿ, ಉಗುರಿಗೆ ಬಣ್ಣ ಹಚ್ಚುವವರಿಗೂ ಟೈರು ಮಾರುವವರಿಗೂ ನಡುವೆ, ಅವರ ಪ್ರಿಂಟಿಂಗ್ ಅಂಗಡಿ. ಡಿಸೈನ್ ಮಾಡುತ್ತಿದ್ದ ಹುಡುಗಿ ಹತ್ತಿರದ ಕಾರು ಕಂಪನಿಗೆ ಸೇರಿಕೊಂಡಳು. ಹೋಗುವಾಗ ತನ್ನ ಲ್ಯಾಪ್‌ಟಾಪನ್ನೂ ಅದರೊಳಗಿನ ಸಾಫ್ಟ್‌ವೇರನ್ನೂ ಕೊಂಡೊಯ್ದಳು, ಎರಡೂ ಅವಳವೇ. ಉಳಿದದ್ದು ಒಂದು ಪ್ರಿಂಟರು, ಒಂದು ಸ್ಕ್ಯಾನರು, ಕಾಗದ ಕತ್ತರಿಸುವ ಒಂದು ಮಶೀನು, ಮತ್ತು ನೆಟ್ಟಗೆ ಒಂದು ಗೆರೆ ಎಳೆಯಲು ಬಾರದ ಗಂಡ ಹೆಂಡತಿ.

ಗಫೂರ್ ಅಂಗಡಿ ಹಿಡಿಯುವ ಮುಂಚೆ ಹದಿನೈದು ವರ್ಷ ಸಾಫ್ಟ್‌ವೇರ್ ಟೆಸ್ಟಿಂಗಿನಲ್ಲಿದ್ದವನು. ಜಗತ್ತಿನ ಯಾವ ವಸ್ತುವಿನಲ್ಲೂ ತಪ್ಪು ಹುಡುಕಬಲ್ಲವನಾಗಿದ್ದರಿಂದ ಯಾವ ವಸ್ತುವನ್ನೂ ಕೊಳ್ಳಲಾರದವನಾಗಿದ್ದ. ಒಂದು ಪಟ್ಟಿ ಮಾಡಿಕೊಂಡಿದ್ದ, ನಲವತ್ತೊಂದು ಕಾಲಂನದು. ತಿಂಗಳ ಬಾಡಿಗೆಯ ಇಲ್ಲಸ್ಟ್ರೇಟರ್, ಹುಬ್ಬಳ್ಳಿಯಲ್ಲಿ ಪ್ರತಿ ಡಿಟಿಪಿ ಅಂಗಡಿಯವನೂ ಕಣ್ಣುಮುಚ್ಚಿ ಓಡಿಸುವ ಕೋರಲ್, ಪುಕ್ಕಟೆ ಸಿಗುವ ಇಂಕ್‌ಸ್ಕೇಪ್. ಸೋಮವಾರ ಒಂದು ಮುಂದಿದ್ದರೆ ಗುರುವಾರ ಇನ್ನೊಂದು. ಶನಿವಾರ ಫ್ರೀಮಾಂಟಿನಲ್ಲಿ ತರಕಾರಿ ಕೊಂಡು ಹೋಗುವ ದಾರಿಯಲ್ಲಿ ವೀರಣ್ಣ ಎಂಬ ಎಂಜಿನಿಯರು ಬಂದು ಪಟ್ಟಿಯನ್ನೆಲ್ಲ ಕಲಕಿಬಿಡುತ್ತಿದ್ದ.

"ಬಾಡಿಗೆ ಸಾಫ್ಟ್‌ವೇರು ಅಂದ್ರೆ ಗುಲಾಮಗಿರಿ ಸರ್. ಫ್ರೀ ಸಾಫ್ಟ್‌ವೇರು ಅಂದ್ರೆ ಫ್ರೀಡಮ್ಮು. ಅಷ್ಟೇ."

ವೀರಣ್ಣ ಹನ್ನೆರಡು ವರ್ಷದಿಂದ ಒಂದೇ ಬಾಡಿಗೆ ಅಪಾರ್ಟ್‌ಮೆಂಟಿನಲ್ಲಿದ್ದ. ಈ ಅಂಗಡಿಯಲ್ಲಿ ಒಂದು ವಿಸಿಟಿಂಗ್ ಕಾರ್ಡನ್ನೂ ಹೊಡೆಸಿರಲಿಲ್ಲ.

ಎಂಟನೆಯ ವಾರದ ಮೊದಲ ದಿನ ಗಫೂರ್ ಪಟ್ಟಿಯಿಂದ ತಲೆಯೆತ್ತಿ ಹೇಳಿದ: "ಡಿಸೆಂಬರಿಗೆ ಲೀಸು ಮುಗೀತದ. ಕನ್ನಡ ಸಂಘದ ಪ್ರಿಂಟಿಂಗ್ ಕೆಲಸ ನಮಗ ಬಂದ್ರ ಅಂಗಡಿ. ಬರಲಿಲ್ಲಂದ್ರ ಕೀಲಿ. ನಾ ಮತ್ತ ಟೆಸ್ಟಿಂಗಿಗೆ, ನೀ ಮತ್ತ ಡೇಕೇರಿಗೆ."

ಶಾಹಿದಾ ನಾಲ್ಕು ವರ್ಷ ಡೇಕೇರಿನಲ್ಲಿ ಕಂಡವರ ಮಕ್ಕಳ ಮೂಗು ಒರೆಸಿದ್ದಳು. ಅದಕ್ಕೆ ಮರಳುವ ಮನಸ್ಸು ಅವಳಿಗೆ ಸುತರಾಂ ಇರಲಿಲ್ಲ. ಅವತ್ತು ಮಧ್ಯಾಹ್ನವೇ ಅಂಗಡಿಯ ಕಂಪ್ಯೂಟರಿಗೆ ಪುಕ್ಕಟೆಯದನ್ನು ಇಳಿಸಿಕೊಂಡಳು. ಫ್ರೀಡಮ್ಮಿಗಾಗಿ ಅಲ್ಲ, ಅದಕ್ಕೆ ಗಂಡನ ಕ್ರೆಡಿಟ್ ಕಾರ್ಡಿನ ನಂಬರು ಬೇಕಿರಲಿಲ್ಲ, ಅಷ್ಟೇ.

ಮೊದಲ ವಾರ ಅವಳು ಎಳೆದ ವೃತ್ತಗಳೆಲ್ಲ ಬದನೆಕಾಯಿಯಾದವು. ಅದರಲ್ಲಿ ಗೆರೆ ಬಾಗಿಸಬೇಕಾದರೆ ಚುಕ್ಕಿ ಇಡಬೇಕು. ಒಂದು ಬಾಗಿಗೆ ಇಪ್ಪತ್ತು ಕಡೆ ಇಡುತ್ತಿದ್ದಳು, ಗೆರೆ ಗರಗಸದಂತಾಗುತ್ತಿತ್ತು. ಒಂದು ದಿನ ತಟ್ಟನೆ ಹುಬ್ಬಳ್ಳಿಯ ಹೊಲಿಗೆ ಕ್ಲಾಸು ನೆನಪಾಯಿತು. ರವಿಕೆಯ ಕೊರಳು ಕತ್ತರಿಸುವಾಗ ಸೀಮೆಸುಣ್ಣದ ಗುರುತು ಮೂರೇ ಇರಬೇಕು, ನಾಲ್ಕನೆಯದು ಇಟ್ಟರೆ ಕೊರಳು ಕೆಡುತ್ತದೆ ಎಂದು ಕಲಿಸುವಾಕೆ ಬೆರಳ ಗಿಣ್ಣಿಗೆ ಹೊಡೆಯುತ್ತಿದ್ದರು. ಶಾಹಿದಾ ಹದಿನೇಳು ಚುಕ್ಕಿ ಅಳಿಸಿದಳು. ಬದನೆಕಾಯಿ ಉಬ್ಬಿ ದುಂಡಗಾಯಿತು. ಅದನ್ನು ಗೋಡೆಯಷ್ಟು ದೊಡ್ಡದು ಮಾಡಿ ನೋಡಿದಳು, ಸಾಸಿವೆಯಷ್ಟು ಚಿಕ್ಕದು ಮಾಡಿದಳು. ಅಂಚು ಎಲ್ಲೂ ಒಡೆಯಲಿಲ್ಲ.

"ಇದನ್ನ ಇನ್ನೂ ಫೈನಲ್ ಮಾಡಿಲ್ಲ ನಾವು," ಎಂದ ಗಫೂರ್.

"ನಾ ಏನ್ ಫೈನಲ್ ಮಾಡೇನ್ರೀ? ಬರೇ ಆಟ ಆಡಾಕತ್ತೀನಿ."

ನಂಜುಂಡಸ್ವಾಮಿ ಬಂದದ್ದು ಅದರ ಮರುವಾರ. ಮೂಲ ಮಂಡ್ಯ, ಈಗ ಕ್ಯುಪರ್ಟಿನೋ, ಈ ವರ್ಷ ಕನ್ನಡ ಸಂಘದ ಕಾರ್ಯದರ್ಶಿ. ಆಫೀಸಿನಲ್ಲಿ ಮನುಷ್ಯರು ಮಾಡುವ ಕೆಲಸವನ್ನು ಮನುಷ್ಯರಿಲ್ಲದೆ ಮಾಡಿಸುವ ವಿಭಾಗಕ್ಕೆ ಡೈರೆಕ್ಟರು. ಮಗಳು ಲಾಸ್ಯಾಳ ಮದುವೆ. ಕವರಿನಿಂದ ಒಂದು ಹಳೆಯ ಲಗ್ನಪತ್ರಿಕೆ ತೆಗೆದು ಎರಡೂ ಕೈಯಲ್ಲಿ ಹಿಡಿದು ಕೊಟ್ಟರು.

"ನಮ್ಮ ಹುಡುಗನ ಮದುವೆ ಕಾರ್ಡು ಸಾಬ್ರೇ. ದೇವರ ಮನೇಲಿ ಇತ್ತು. ಮಂಡ್ಯದ ಪ್ರೆಸ್ಸು ಮುಚ್ಚೋಗಿದೆ, ಫೈಲಿಲ್ಲ. ಈ ಕಾರ್ಡು ನಮಗೆ ಆಗಿಬಂದಿದೆ. ಹೆಸರು, ತಾರೀಖು ಬದ್ಲಾಯ್ಸಿ. ಮಿಕ್ಕಿದ್ದು ಒಂದು ಗೆರೆ ಆಚೀಚೆ ಆಗ್ಬಾರ್ದು. ಇದು ಚೆನ್ನಾಗ್ ಬಂದ್ರೆ ಸಂಘದ್ದೆಲ್ಲಾ ನಿಮಗೇ."

ಅವರು ಹೋದ ಮೇಲೆ ಇಬ್ಬರೂ ಕಾರ್ಡಿನ ಮೇಲೆ ಬಾಗಿದರು. ಬಾಳೆಕಂಬ, ಕಳಶ, ಓಲಗದವರು, ಎಲ್ಲ ಸರಿ. ಆದರೆ ನಾಲ್ಕು ಮೂಲೆಗೂ ಯಾರೋ ಹೆಬ್ಬೆರಳಿನಿಂದ ಅರಿಶಿನ ಒತ್ತಿದ್ದರು. ಶುಭಕಾರ್ಯದ ಕಾಗದಕ್ಕೆ ಹಚ್ಚುವುದು ವಾಡಿಕೆ. ಹುಬ್ಬಳ್ಳಿಯಲ್ಲಿ ಪಕ್ಕದ ಮನೆಗಳಿಂದ ಬರುತ್ತಿದ್ದ ಕಾರ್ಡುಗಳಲ್ಲಿ ಇಬ್ಬರೂ ಕಂಡದ್ದೇ.

"ಇದು ಡಿಸೈನಿನಾಗ ಇಲ್ಲಲ್ರೀ. ಆಮೇಲೆ ಹಚ್ಚಿದ್ದು," ಎಂದಳು ಶಾಹಿದಾ. "ಒಂದ್ ಫೋನ್ ಮಾಡಿ ಕೇಳ್ರಿ."

"ಏನಂತ ಕೇಳ್ಲಿ? ಹೆಣ್ಣಿನ ತಂದೀಗೆ, ಲಗ್ನಪತ್ರದಾಗಿನ ಅರಿಶಿನ ತೆಗೀಲೇನ್ರೀ ಅಂತ ಕೇಳ್ಲೇನು? ನಾಲಿಗಿ ಹೊಳ್ಳತದೇನು? ಅದೂ ನಾವು ಕೇಳೋದು!"

ಶಾಹಿದಾ ಆ ವಾಕ್ಯವನ್ನು ನಾಲ್ಕು ರೀತಿ ತಿರುಗಿಸಿ ನೋಡಿದಳು. ಅರಿಶಿನ ಬ್ಯಾಡೇನ್ರಿ? ಅರಿಶಿನ ಇಲ್ಲದ ಮಾಡೂಣೇನ್ರಿ? ಎಷ್ಟು ಮರ್ಯಾದೆ ಬೆರೆಸಿದರೂ ಶಾಪದಂತೆಯೇ ಕೇಳಿಸುತ್ತಿತ್ತು. ಆಗಿಬಂದ ಕಾರ್ಡು, ಒಂದು ಗೆರೆ ಆಚೀಚೆ ಆಗಬಾರದು. ಕೇಳದೆ ತೆಗೆಯುವ ಧೈರ್ಯವೂ ಇಲ್ಲ, ಕೇಳಿ ತೆಗೆಯುವ ಬಾಯಿಯೂ ಇಲ್ಲ. ಕಡೆಗೆ ಅರಿಶಿನ ಉಳಿಯಿತು.

ಬಾಳೆಕಂಬ, ಕಳಶಗಳು ಎರಡು ದಿನದಲ್ಲಿ ಮುಗಿದವು. ಅರಿಶಿನಕ್ಕೆ ಒಂಬತ್ತು ದಿನ ಹಿಡಿಯಿತು. ಈ ಸಾಫ್ಟ್‌ವೇರಿನಲ್ಲಿ ಎಲ್ಲದಕ್ಕೂ ಅಂಚು ಬೇಕು. ಕಲೆಗೆ ಅಂಚೆಂಬುದೇ ಇರುವುದಿಲ್ಲ. ನಡುವೆ ದಟ್ಟ, ಹೊರಗೆ ಹೋದಂತೆ ಮಬ್ಬು, ಒಂದು ಕಡೆ ಒಣಗಿ ಬಿರುಕು. ಒಂದರ ಮೇಲೊಂದು ಹನ್ನೆರಡು ತೆಳುಪದರ ಹರಡಿ, ಒಂದೊಂದನ್ನೂ ಅಷ್ಟಷ್ಟೇ ಪಾರದರ್ಶಕ ಮಾಡುವುದನ್ನು ಕಲಿತಳು. ಬೆರಳಿನ ಸುಳಿಗಳನ್ನು ಒಂದೊಂದಾಗಿ ಎಳೆದಳು. ಸುಳಿಗಳನ್ನು ಅಡ್ಡಡ್ಡ ಕತ್ತರಿಸಿದಂತೆ ಒಂದು ಹಳೆಯ ಗಾಯದ ಗೆರೆ ಇತ್ತು; ಅದನ್ನೂ ಬಿಡಲಿಲ್ಲ. ಮೂರೇ ಚುಕ್ಕಿ ಸಾಕಾಯಿತು ಅದಕ್ಕೆ. ಮೊದಲ ಪ್ರತಿ ಹೊರಬಂದಾಗ ಗಫೂರ್ ಅದನ್ನು ಮೂಸಿ ನೋಡಿದ.

ಅದರ ಫೋಟೋ ವಾಟ್ಸಾಪಿನಲ್ಲಿ ಹೋಯಿತು. ಹತ್ತು ನಿಮಿಷಕ್ಕೆ ನಂಜುಂಡಸ್ವಾಮಿಯವರ ಫೋನು.

"ಸಾಬ್ರೇ, ಪ್ರೂಫಿಗೂ ಅರಿಶಿನ ಹಚ್ಚಿ ಕಳ್ಸಿದ್ದೀರಲ್ಲಾ! ನಮ್ಮೋರೇ ಮಾಡಲ್ಲ ಕಣ್ರೀ ಹಿಂಗೆ. ಓಕೆ ಓಕೆ, ಹೊಡೀರಿ ಮುನ್ನೂರು."

ಗಫೂರ್ ಫೋನಿಟ್ಟು, "ಅರಿಶಿನ ಭಾಳ ಹಿಡಿಸ್ತಂತ," ಎಂದ.

ಮುನ್ನೂರನ್ನು ಒಯ್ಯಲು ನಂಜುಂಡಸ್ವಾಮಿ ತಾಯಿ ಮರಿತಾಯಮ್ಮನನ್ನೂ ಕರೆತಂದರು. ಮೊಮ್ಮಗಳ ಮದುವೆಗೆಂದು ಮಂಡ್ಯದಿಂದ ಬಂದಾಕೆ. ಕೈಯಲ್ಲಿ ಅರಿಶಿನ ಕಲಸಿದ ಸ್ಟೀಲ್ ಡಬ್ಬಿ. ಕಾರ್ಡು ಅಂಗಡಿಯಿಂದ ಬೋಳಾಗಿ ಹೊರಡಬಾರದಂತೆ. ಮೊದಲ ಕಟ್ಟು ಬಿಚ್ಚಿ ಒಂದು ತೆಗೆದರು, ಇನ್ನೊಂದು ತೆಗೆದರು, ಕಟ್ಟಿನ ತಳದಿಂದ ಒಂದೆಳೆದರು. ಸೆರಗಿನಿಂದ ಮೂಲೆ ಉಜ್ಜಿದರು. ಸೆರಗಿಗೆ ಏನೂ ಹತ್ತಲಿಲ್ಲ.

"ಲೋ ನಂಜುಂಡ, ಯಾರ್ಲಾ ಆಗ್ಲೇ ಹಚ್ಬುಟ್ಟವ್ರೆ?"

ನಂಜುಂಡಸ್ವಾಮಿ ಕಾರ್ಡು ಹಿಡಿದು ನೋಡಿದರು. ಮುಖ ಕೆಂಪಗಾಯಿತು. "ಸಾಬ್ರೇ, ಏನಿದು? ಪ್ರಿಂಟಾ? ಕಲೇನ ಯಾರಾದ್ರೂ ಪ್ರಿಂಟ್ ಮಾಡ್ತಾರೇನ್ರೀ?"

"ನೀವಽ ಅಂದಿದ್ರಿ, ಒಂದ್ ಗೆರಿ ಆಚೀಚೆ..." ಎನ್ನುತ್ತ ಗಫೂರ್ ಹಳೆಯ ಕಾರ್ಡಿಗಾಗಿ ಮೇಜು ತಡಕಿದ. ಶಾಹಿದಾಳಿಗೆ ಕಣ್ಣ ಮುಂದೆ ಡೇಕೇರಿನ ಮೂಗುಗಳು ಸಾಲುಗಟ್ಟಿದವು.

ಮರಿತಾಯಮ್ಮ ಇದಾವುದನ್ನೂ ಕೇಳಿಸಿಕೊಳ್ಳದೆ ಕಾರ್ಡನ್ನು ಕಣ್ಣಿಗೆ ಹತ್ತಿರ ಹಿಡಿದಿದ್ದರು. ಆಮೇಲೆ ತಮ್ಮ ಬಲಗೈ ಹೆಬ್ಬೆರಳು ನೋಡಿಕೊಂಡರು. ಮತ್ತೆ ಕಾರ್ಡು.

"ಅಯ್ಯೋ, ಇದು ನನ್ ಹೆಬ್ಬೆಟ್ಟು ಕಣ್ಲಾ! ಈಳಿಗೆಮಣೆ ಕುಯ್ದಿತ್ತಲ್ಲ, ಆ ಗಾಯ. ಯಾರವ್ವಾ ಬರ್ದೋರು, ನೀನಾ?"

ಶಾಹಿದಾ ತಲೆಯಾಡಿಸಿದಳು.

"ಎಲ್ಲಾದ್ರಲ್ಲೂ ನನ್ ಕೈಯೇ?"

"ಮುನ್ನೂರರಾಗೂ, ಅವ್ವಾರ. ಮೂಲೀಗೊಂದು."

ಆಗ ನಂಜುಂಡಸ್ವಾಮಿಯವರೊಳಗಿನ ಡೈರೆಕ್ಟರು ಎಚ್ಚರಗೊಂಡ. ಸಾವಿರದಿನ್ನೂರು ಬಾರಿ ಬೆರಳು ಅದ್ದುವ ಕೆಲಸ ಮನುಷ್ಯರಿಲ್ಲದೆ ಆಗಿಹೋಗಿದೆ. "ಅಮ್ಮಾ, ಇದು ಬ್ರಿಲಿಯಂಟು! ಟೈಮು ಎಷ್ಟ್ ಸೇವು! ಸಾಬ್ರೇ, ಸಂಘದವರ ಎಲ್ಲಾ ಕಾರ್ಡಿಗೂ ಇದನ್ನೇ ಟೆಂಪ್ಲೇಟ್ ಮಾಡ್ಬಿಡಿ. ಕೆಲಸ ನಿಮ್ದೇ ಅಂದ್ಕೊಳಿ."

"ನನ್ ಹೆಬ್ಬೆಟ್ಟ ಊರೋರ ಮದ್ವೆಗೆಲ್ಲ ಒತ್ತಿಸ್ತೀಯಾ? ಅದೇನು ಸಾಲದ ಪತ್ರವಾ?" ಎಂದು ಮರಿತಾಯಮ್ಮ ಸ್ಟೂಲು ಎಳೆದುಕೊಂಡು ಕೂತರು. ಡಬ್ಬಿ ತೆಗೆದರು. ಬೆರಳು ಅದ್ದಿ ಮೊದಲ ಕಾರ್ಡಿನ ಮೂಲೆಗೆ ಒತ್ತಿದರು.

"ಅಮ್ಮಾ, ಆಗ್ಲೇ ಇದೆಯಲ್ಲಮ್ಮ."

"ಅದು ಚಿತ್ರ ಕಣ್ಲಾ. ಇದು ಅರಿಶಿನ."

ಮುನ್ನೂರನ್ನೂ ಹಚ್ಚಿ ಮುಗಿಸುವಷ್ಟರಲ್ಲಿ ಮಧ್ಯಾಹ್ನ ಇಳಿದಿತ್ತು. ಶಾಹಿದಾ ಒಂದೊಂದೇ ಕಾರ್ಡು ಸರಿಸಿಕೊಡುತ್ತಿದ್ದಳು. ಪ್ರತಿ ಸಲವೂ ಮುದುಕಿಯ ಬೆರಳು ಬರೆದ ಬೆರಳಿನ ಮೇಲೆ ಕೊಂಚವೂ ಹೆಚ್ಚುಕಡಿಮೆಯಿಲ್ಲದೆ ಕೂತಿತು. ಅಳತೆ ತಪ್ಪಿಲ್ಲ ಎಂದು ಅವಳಿಗೆ ಖಾತ್ರಿಯಾದದ್ದು ಒಂಬತ್ತು ದಿನದ ಕೆಲಸ ಪೂರಾ ಮುಚ್ಚಿಹೋದಾಗಲೇ.

ಹೊರಡುವಾಗ ನಂಜುಂಡಸ್ವಾಮಿ ಬಾಗಿಲಲ್ಲಿ ನಿಂತು ಪಿಸುದನಿಯಲ್ಲಿ ಹೇಳಿದರು: "ಟೆಂಪ್ಲೇಟು ಮಾತ್ರ ಬಿಡ್ಬೇಡಿ. ಅಮ್ಮನ್ದು ಬೇಡ. ಬೇರೆ ಯಾವ್ದಾದ್ರೂ ಹೆಬ್ಬೆಟ್ಟು ಹಾಕಿ. ಯಾರ್ದಾದ್ರೇನು, ಯಾರು ನೋಡ್ತಾರೆ?"

ಗಫೂರ್ ಕೂಡಲೇ ಹೊಸ ಪಟ್ಟಿ ತೆರೆದ. ಯಾರ ಹೆಬ್ಬೆಟ್ಟು ತಕ್ಕದ್ದು? ಎಂಟು ಕಾಲಂ ಆಗುವ ಹೊತ್ತಿಗೆ ಮರಿತಾಯಮ್ಮ ಮರೆತು ಬಿಟ್ಟುಹೋದ ಡಬ್ಬಿಯ ತಳದಲ್ಲಿ ಶಾಹಿದಾ ತನ್ನ ಹೆಬ್ಬೆರಳು ಸವರಿ, ಬಿಳಿ ಕಾಗದಕ್ಕೆ ಒತ್ತಿ, ಸ್ಕ್ಯಾನರಿನೊಳಗೆ ಇಟ್ಟಾಗಿತ್ತು. ಪರದೆಯ ಮೇಲೆ ಸುಳಿಗಳು ಎದ್ದವು, ನಡುವೆ ಎಂದೋ ಸೂಜಿ ಚುಚ್ಚಿದ ಕಲೆ. ಅವಳು ಮೊದಲ ಚುಕ್ಕಿ ಇಟ್ಟಳು.

ಗಫೂರ್ ಬಗ್ಗಿ ನೋಡಿದ. "ಯಾರದದು?"

"ಅಂಗಡೀದು," ಎಂದಳು ಶಾಹಿದಾ.