ನಾಲ್ಕು ಮನೆಯಾಚೆಯ ತವರು

ಹೆಣದ ಎಡಗೈಗೆ ಅರಿಸಿನ ಹಚ್ಚುತ್ತಿದ್ದ ಯಮನಮ್ಮನ ಬೆರಳುಗಳು ಮೊಣಕೈಯ ಕೆಳಗೆ ಬಂದು ನಿಂತವು. ಅಲ್ಲಿ ಎಲುಬು ಮುರಿದು ಕೂಡಿದ ಗಂಟು ಇತ್ತು. ಜೀವ ಹೋದ ಮೇಲೂ ಆ ಗಂಟು ಕಲ್ಲಿನಂತೆ ಉಳಿದಿತ್ತು. ಉಜ್ಜಿದರೆ ಅಳಿಸಿಹೋದೀತೇನೋ ಎಂಬಂತೆ ಅವಳು ಅಲ್ಲಿಗೆ ಮತ್ತೆ ಮತ್ತೆ ಅರಿಸಿನ ಉಜ್ಜಿದಳು.

ನಾಲ್ಕು ದಿನದ ಜ್ವರಕ್ಕೆ ಗ್ಯಾನಮ್ಮ ಹೋಗಿಬಿಟ್ಟಿದ್ದಳು. ವಯಸ್ಸು ನಲವತ್ತು ದಾಟಿರಲಿಲ್ಲ. ಸಿಂಧನೂರಿನ ದವಾಖಾನೆಗೆ ಒಯ್ಯೋಣವೆಂದು ಯಮನಮ್ಮ ಎರಡು ಸಲ ಹೇಳಿದ್ದಳು. ಗ್ಯಾನಮ್ಮನ ಗಂಡ ವೆಂಕೋಬ ಎರಡು ಸಲವೂ ನಾಳೆ ನೋಡೋಣ ಅಂದಿದ್ದ. ಈಗ ಅವನು ಬೇವಿನ ಗಿಡದ ಕೆಳಗೆ ಮೊಣಕಾಲ ಮೇಲೆ ತಲೆಯಿಟ್ಟು ಕೂತಿದ್ದ. ಬಂದವರೆಲ್ಲ ಅವನ ಬೆನ್ನು ಸವರಿ ಸಮಾಧಾನ ಹೇಳುತ್ತಿದ್ದರು. ಯಮನಮ್ಮ ಆ ಕಡೆ ನೋಡಲಿಲ್ಲ. ನೋಡಿದರೆ ಬಾಯಿ ಸುಮ್ಮನಿರುವುದಿಲ್ಲ. ಹೆಣದ ಮುಂದೆ ಹೊಲಸು ಮಾತಾಡಿದರೆ ಶಿವ ಮೆಚ್ಚುವುದಿಲ್ಲ. ಹಲ್ಲು ಕಚ್ಚಿಕೊಂಡು ಅವಳು ಗೆಳತಿಯ ತಲೆ ಬಾಚಿ, ಹಣೆಗೆ ರೂಪಾಯಿಯಗಲ ಕುಂಕುಮವಿಟ್ಟಳು.

ಇನ್ನು ಉಳಿದದ್ದು ಸೀರೆ. ಆ ಸೀಮೆಯಲ್ಲಿ ಹೆಣ್ಣಿನ ಹೆಣಕ್ಕೆ ತವರಿನ ಸೀರೆ ಬೀಳದೆ ಎತ್ತುವಂತಿಲ್ಲ. ಹುಟ್ಟಿದ ಮನೆ ಹೊದಿಸಿ ಕಳಿಸಬೇಕು; ಇಲ್ಲದಿದ್ದರೆ ಆ ಜೀವ ದಿಕ್ಕಿಲ್ಲದೆ ಹೋದಂತೆ. ಸೀರೆಯೇನೋ ಬಂದಿತ್ತು. ಜೊತೆಯಲ್ಲಿ ಭತ್ತದ ನಾಟಿ ಮಾಡುವ ಜಮೀಲಾಬೀ ಹಿತ್ತಿಲ ಬಾಗಿಲಲ್ಲಿ ಅದನ್ನು ಎದೆಗೊತ್ತಿಕೊಂಡು ನಿಂತಿದ್ದಳು. ಹಸಿರು ಒಡಲು, ಕೆಂಪು ಸೆರಗಿನ ಇಳಕಲ್ ಸೀರೆ. ನಾಗರ ಪಂಚಮಿಗೆ ಇನ್ನು ಎಂಟು ದಿನವಿತ್ತು. ಈ ವರ್ಷ ಗ್ಯಾನಮ್ಮನನ್ನು ಹಬ್ಬಕ್ಕೆ ಕರೆಯುವ ಪಾಳಿ ಜಮೀಲಾಬೀಯದು.

“ಕರಿಯಾಕಂತ ತಂದ ಸೀರಿ ಯಕ್ಕ, ಕಳಿಸಾಕ ಆತು,” ಎಂದು ಅವಳು ಬೆಳಗಿನಿಂದ ಒಂದೇ ಮಾತನ್ನು ಹೇಳುತ್ತಿದ್ದಳು.

ಅಷ್ಟರಲ್ಲಿ ಹೊನ್ನೂರಮ್ಮ ಬೀದಿಯಿಂದ ಬಂದಳು. ನಾಟಿ ಗುಂಪಿನಲ್ಲೆಲ್ಲ ದೊಡ್ಡ ಬಾಯಿಯವಳು ಅವಳೇ. ಇವತ್ತು ಮಾತ್ರ ಪಿಸುಗುಟ್ಟಿದಳು.

“ಆತ ಬಂದಾನ. ಮಸ್ಕಿ ಬಸ್ಸಿಗೆ. ಕಂಕುಳಾಗ ಸೀರಿ ಐತಿ.”

ಆತ ಯಾರೆಂದು ಯಮನಮ್ಮ ಕೇಳಲಿಲ್ಲ. ಕೈಯ ಅರಿಸಿನವನ್ನು ಉಟ್ಟ ಸೀರೆಗೇ ಒರೆಸಿಕೊಂಡು ಎದ್ದು ಹೊಸ್ತಿಲಿಗೆ ಬಂದಳು.

*

ಹತ್ತು ವರ್ಷದ ಹಿಂದಿನ ಮಾತು, ಊರಿಗೆ ಕಾಲುವೆಯ ನೀರು ಬಂದ ಹೊಸತು. ಅಲ್ಲಿಯವರೆಗೆ ಜೋಳ ಬಿತ್ತಿ ಮುಗಿಲು ನೋಡುತ್ತಿದ್ದ ದಢೇಸುಗೂರಿನ ಸುತ್ತಿನ ಹೊಲಗಳೆಲ್ಲ ಒಮ್ಮೆಲೇ ಕೆಸರುಗದ್ದೆಯಾದವು. ಆಂಧ್ರದಿಂದ ಬಂದು ಕ್ಯಾಂಪು ಹಾಕಿದ್ದ ಹೆಂಗಸರು ಇಲ್ಲಿಯವರಿಗೆ ನಾಟಿ ಕಲಿಸಿದರು. ಸೊಂಟ ಬಗ್ಗಿಸಿ ಹಿಂದಕ್ಕೆ ಹಿಂದಕ್ಕೆ ಹೆಜ್ಜೆ ಇಡಬೇಕು; ಮುಂದಕ್ಕೆ ನಡೆದರೆ ತಾನು ಹಚ್ಚಿದ ಸಸಿಯನ್ನು ತಾನೇ ತುಳಿದಂತೆ. ಎಲ್ಲರಿಗಿಂತ ಮೊದಲು ಕಲಿತವಳು ಗ್ಯಾನಮ್ಮ. ಎರಡೇ ವರ್ಷಕ್ಕೆ ಅವಳು ಒಂದು ಗುಂಪು ಕಟ್ಟಿದಳು. ಸಾಲಿನ ತುದಿಯಲ್ಲಿ ಅವಳು, ಪಕ್ಕದಲ್ಲಿ ಯಮನಮ್ಮ.

ವೆಂಕೋಬನಿಗೆ ಇದು ಸೇರಲಿಲ್ಲ. ಹೆಂಡತಿ ಕಂಡವರ ಗದ್ದೆಯಲ್ಲಿ ಸೀರೆ ಎತ್ತಿಕಟ್ಟಿ ನಿಲ್ಲುತ್ತಾಳೆ, ಕೇಳದೆ ಹೋಗುತ್ತಾಳೆ, ತೆಲುಗಿನಲ್ಲಿ ನಗುತ್ತಾಳೆ ಎಂದು ಒಂದು ದಿನ ಎತ್ತು ಹೊಡೆಯುವ ಬಾರಕೋಲು ತೆಗೆದುಕೊಂಡ. ಕೈ ಮುರಿಯಿತು.

ಮುರಿದ ಕೈಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಗ್ಯಾನಮ್ಮ ಅರ್ಧ ದಾರಿ ನಡೆದು, ಅರ್ಧ ದಾರಿ ಯಾರದೋ ಬಂಡಿಯಲ್ಲಿ ಕೂತು ಮಸ್ಕಿಯ ಆಚೆಗಿನ ತನ್ನ ತವರಿಗೆ ಹೋದಳು. ಪಂಚಮಿಯ ಹಿಂದಿನ ದಿನ. ಮನೆಮನೆಗೆ ಹೆಣ್ಣುಮಕ್ಕಳು ಬಂದಿದ್ದರು, ಮರಮರಕ್ಕೆ ಜೋಕಾಲಿ ಕಟ್ಟಿತ್ತು. ಅವ್ವ ಅಪ್ಪ ಹೋಗಿ ಮನೆ ಅಣ್ಣ ಗದ್ದೆಪ್ಪನದಾಗಿತ್ತು. ಇವಳು ಓಣಿಯ ತಿರುವಿಗೆ ಬಂದಾಗ ತೆರೆದಿದ್ದ ಕದ, ಬಾಗಿಲಿಗೆ ಬರುವಷ್ಟರಲ್ಲಿ ಮುಚ್ಚಿತ್ತು. ಅವರು ಲಿಂಗಸುಗೂರಿಗೆ ಹೋಗಿದ್ದಾರೆ, ಅವರಿಲ್ಲದೆ ಕದ ತೆರೆಯಲಾರೆ ಎಂದು ಒಳಗಿನಿಂದ ಅತ್ತಿಗೆಯ ದನಿ ಬಂತು. ಹೊತ್ತು ವಾಲುವವರೆಗೆ ಗ್ಯಾನಮ್ಮ ತಾನು ಹುಟ್ಟಿದ ಮನೆಯ ಕಟ್ಟೆಯ ಮೇಲೆ ಕೂತು, ತಿರುಗಿ ಬಂದಳು.

ಊರು ಮುಟ್ಟಿದ ಮರುದಿನ ಅವಳು ಯಮನಮ್ಮನಿಗೆ ಸಿಕ್ಕಿದ್ದು ಕಾಲುವೆಯ ತೂಬಿನ ಹತ್ತಿರ. ಎರಡೂ ಕಾಲು ನೀರಿನಲ್ಲಿ ಇಳಿಬಿಟ್ಟು ಆಳವನ್ನೇ ನೋಡುತ್ತಿದ್ದಳು. ಯಮನಮ್ಮ ಏನೂ ಕೇಳದೆ ಪಕ್ಕದಲ್ಲಿ ಕೂತು ತಾನೂ ಕಾಲು ಇಳಿಬಿಟ್ಟಳು. ಗ್ಯಾನಮ್ಮ ಬಾಯಿಬಿಟ್ಟಳು.

“ಕೆಮ್ಮಿದ, ಯಮನಿ. ನಮ್ಮಣ್ಣ ಒಳಗ ಕೆಮ್ಮಿದ. ಆ ಕೆಮ್ಮು ನನಗ ಗೊತ್ತಿಲ್ಲೇನು?” ಆಮೇಲೆ ಹೇಳಿದಳು: “ನಾ ಸತ್ತರ ಅವನ ಸೀರಿ ನನ್ನ ಮ್ಯಾಲ ಬೀಳಬಾರದು.”

ಜಮೀಲಾಬೀಯ ಮಾವ ಉಸ್ಮಾನ್‌ಸಾಬ್ ಬಿದಿರ ಸೀಳು ಇಟ್ಟು ಆ ಕೈ ಕಟ್ಟಿದ. ಎರಡು ತಿಂಗಳು ಗುಂಪಿನವರೇ ಪಾಳಿಯ ಮೇಲೆ ಅವಳ ಮನೆಗೆ ನೀರು ತುಂಬಿದರು.

ಮರುವರ್ಷದ ಪಂಚಮಿಗೆ ಯಮನಮ್ಮ ಬುಟ್ಟಿಯಲ್ಲಿ ಕುಪ್ಪಸದ ಕಣ, ಕೊಬ್ಬರಿ ಬಟ್ಟಲು, ಉಂಡಿ ಇಟ್ಟುಕೊಂಡು ಗ್ಯಾನಮ್ಮನ ಬಾಗಿಲಿಗೆ ಹೋಗಿ ನಿಂತಳು. ದೂರದಿಂದ ಬಂದವಳಂತೆ ಕಾಲಿಗೆ ನೀರು ಕೇಳಿದಳು. ಹಬ್ಬಕ್ಕೆ ಕರೆಯಲು ಬಂದಿದ್ದೇನೆ, ಮಗಳನ್ನು ಕಳಿಸಿಕೊಡಿ ಎಂದು ಬೀಗರ ಮನೆಯಲ್ಲಿ ಕೇಳುವ ಹಾಗೆ ವೆಂಕೋಬನನ್ನು ಕೇಳಿದಳು. ಅವನಿಗೆ ನಗು ಬಂತು.

“ಎಲ್ಲಿಂದ ಬಂದಿಬೇ?”

“ತವರಿಂದ್ರಿ.”

“ಎಷ್ಟು ದೂರ ಅಕ್ಕೈತಿ?”

“ನಾಕು ಮನಿ ಆಚಿಗ್ರಿ.”

ಅವನ ನಗು ನಿಂತದ್ದು ಅವಳ ಹಿಂದೆ ಇಡೀ ಗುಂಪು ನಿಂತಿದ್ದನ್ನು ಕಂಡಾಗ. ಪಂಚಮಿಗೆ ಕರೆದರೆ ಕಳಿಸದ ಗಂಡನಿಗೆ ಊರಲ್ಲಿ ಮರ್ಯಾದೆ ಉಳಿಯುವುದಿಲ್ಲ. ಮೂರು ದಿನಕ್ಕೆ ಕಳಿಸಿದ. ಅಲ್ಲಿಂದ ಪ್ರತಿವರ್ಷ ಒಬ್ಬೊಬ್ಬರ ಮನೆ ಗ್ಯಾನಮ್ಮನಿಗೆ ತವರಾಯಿತು. ಜಮೀಲಾಬೀಯ ಪಾಳಿ ಮೊದಲ ಸಲ ಬಂದ ವರ್ಷ ಉಂಡಿ ಕಟ್ಟಲು ಬಾರದೆ ಎಲ್ಲ ಒಡೆದು ಪುಡಿಯಾಗಿ, ಬಟ್ಟಲಲ್ಲಿ ಹಾಕಿಕೊಂಡು ತಿಂದು ನಕ್ಕಿದ್ದರು. ಆಮೇಲೆ ಇನ್ನೊಂದು ರೂಢಿ ಬೆಳೆಯಿತು. ಗುಂಪಿನ ಯಾವಳ ಮೇಲೆ ಯಾರು ಕೈ ಎತ್ತಿದರೂ, ಮರುದಿನ ಬೆಳಿಗ್ಗೆ ಎಲ್ಲರೂ ಗದ್ದೆಗೆ ಹೋಗದೆ ಆ ಮನೆಯ ಕಟ್ಟೆಯ ಮೇಲೆ ಬಂದು ಕೂಡುವರು. ಬೈಯುವುದಿಲ್ಲ, ಅಳುವುದಿಲ್ಲ. ಸುಮ್ಮನೆ ಕೂಡುವರು. ವೆಂಕೋಬ ಮತ್ತೆ ಬಾರಕೋಲನ್ನು ಎತ್ತಿನ ಮೇಲಲ್ಲದೆ ಎತ್ತಲಿಲ್ಲ.

*

ಗದ್ದೆಪ್ಪ ಒಗೆದ ಧೋತರ ಉಟ್ಟು, ಹೆಗಲ ಮೇಲೆ ಟವೆಲು ಹಾಕಿಕೊಂಡು ಬಂದ. ಅಂಗಳಕ್ಕೆ ಕಾಲಿಡುತ್ತಲೇ ತಂಗೀ ಎಂದು ಗೋಡೆ ಹಿಡಿದು ಅತ್ತ. ಮಂದಿ ಅವನಿಗೆ ದಾರಿ ಬಿಟ್ಟರು. ಅವನ ಹಿಂದೆ ಅವನ ಹೆಂಡತಿ ಶಿವಬಸಮ್ಮ, ಬಡಕಲು ಹೆಣ್ಣು, ಹಣೆ ಮುಚ್ಚುವಷ್ಟು ಸೆರಗು ಎಳೆದುಕೊಂಡು ಬಂದಳು. ಇಬ್ಬರೂ ಹೊಸ್ತಿಲಿಗೆ ಬಂದಾಗ ಯಮನಮ್ಮ ಸರಿಯಲಿಲ್ಲ.

ಊರ ಹಿರಿಯ ಪಂಪಣ್ಣ ಕಟ್ಟೆಯಿಂದ ಇಳಿದು ಬಂದ. ಕೆಟ್ಟ ಮನುಷ್ಯನಲ್ಲ, ಊರಿನ ಎಷ್ಟೋ ಹೆಣಗಳಿಗೆ ಅವನೇ ಮುಂದೆ ನಿಂತು ಕ್ರಮ ತಪ್ಪದೆ ಮಣ್ಣು ಕೊಡಿಸಿದ್ದ.

“ದಾರಿ ಬಿಡವ್ವ. ಒಡಹುಟ್ಟಿದಾತ ಬಂದಾನ.”

“ಬರ್ಲಿ. ಮಾರಿ ನೋಡ್ಲಿ. ಸೀರಿ ಹೊರಗಿಟ್ಟು ಬರ್ಲಿ.”

ಪಂಪಣ್ಣ ಸಮಾಧಾನದಿಂದಲೇ ಹೇಳಿದ. ಸಿಟ್ಟು ಯಾರಿಗಿಲ್ಲ, ಆದರೆ ಕ್ರಮ ಎಂಬುದೊಂದಿದೆ. ರಕ್ತ ಹಂಚಿಕೊಂಡವನು ಇರುವಾಗ ಮಂದಿಯ ಸೀರೆ ಹೊದಿಸುವುದುಂಟೆ? ಅದರಲ್ಲೂ ಸಾಬರ ಮನೆಯ ಸೀರೆ. ಹಾಗೆ ಕಳಿಸಿದರೆ ಆ ಜೀವಕ್ಕೆ ಸದ್ಗತಿ ಹೇಗೆ?

ಹಿತ್ತಿಲ ಬಾಗಿಲಲ್ಲಿ ಜಮೀಲಾಬೀ ಸೀರೆಯನ್ನು ಮೆಲ್ಲಗೆ ಬೆನ್ನಿನ ಹಿಂದೆ ಮಾಡಿಕೊಂಡಳು. ಅದು ಯಮನಮ್ಮನ ಕಣ್ಣಿಗೆ ಬಿತ್ತು. ಬೆಳಗಿನಿಂದ ಕಚ್ಚಿ ಹಿಡಿದಿದ್ದ ಹಲ್ಲು ಸಡಿಲಾಯಿತು.

“ಸದ್ಗತಿ ಕೊಡಾಂವ ಶಿವ, ಯಜ್ಜ. ಯಾರ ಮನಿ ಸೀರಿ ಅಂತ ಕೇಳಾಕ ಆತೇನು ಜವಳಿ ಅಂಗಡಿ ಇಟ್ಟಾನ? ಕೈ ಮುರಕೊಂಡು ಹೋದಾಕಿಗೆ ಈತ ಕದ ತಗೀಲಿಲ್ಲ. ಒಳಗ ಕುಂತು ಕೆಮ್ಮಿದ. ಆಕಿ ಕೈ ಕೂಡಿಸಿದ್ದು ಜಮೀಲಾಬೀ ಮನಿ. ಈಗ ಹೇಳು, ಯಾವುದು ತವರು?”

ಅಂಗಳದಲ್ಲಿ ಗುಜುಗುಜು ಎದ್ದಿತು. ಗದ್ದೆಪ್ಪ ಕಣ್ಣೊರೆಸಿಕೊಂಡ. ಅವತ್ತು ತಾನು ಊರಲ್ಲೇ ಇರಲಿಲ್ಲ, ಲಿಂಗಸುಗೂರಿಗೆ ಹೋಗಿದ್ದೆ, ಬಂದ ಮೇಲೆ ತಿಳಿದು ಊಟ ಬಿಟ್ಟೆ ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. ಎಂಟು ವರ್ಷದಿಂದ ಅವನು ಹೇಳುತ್ತಾ ಬಂದ ಮಾತು. ಬಹಳ ಮಂದಿ ನಂಬಿಯೂ ಇದ್ದರು. ಸತ್ತವಳು ಕೇಳಿದ ಒಂದು ಕೆಮ್ಮನ್ನು ಬಿಟ್ಟರೆ ಯಮನಮ್ಮನ ಹತ್ತಿರ ಬೇರೆ ಸಾಕ್ಷಿ ಇರಲಿಲ್ಲ.

“ಬೇಕಾದರ ಆಕಿ ನೆತ್ತಿ ಮುಟ್ಟಿ ಆಣಿ ಮಾಡ್ತೀನಿ,” ಎಂದು ಗದ್ದೆಪ್ಪ ಯಮನಮ್ಮನ ಪಕ್ಕದಿಂದ ಹೆಣದ ತಲೆಯ ಕಡೆ ಕೈ ಚಾಚಿದ.

“ಆಣಿ ಮಾಡಬ್ಯಾಡ್ರಿ.”

ಯಾರ ದನಿಯೆಂದು ಮೊದಲು ಯಾರಿಗೂ ತಿಳಿಯಲಿಲ್ಲ. ಶಿವಬಸಮ್ಮ ನೆಲ ನೋಡುತ್ತಿದ್ದಳು. ಗಂಡ ತಿರುಗಿ ನೋಡಿದರೂ ಅವಳು ತಲೆ ಎತ್ತಲಿಲ್ಲ.

“ಮನಿಯಾಗ ಇದ್ರಿ. ಕದಕ್ಕ ಅಗಳಿ ಹಾಕಿದ ಕೈ ನಂದು. ಹಾಕು ಅಂದವರು ನೀವು. ಹೆಣದ ಮ್ಯಾಲ ಸುಳ್ಳಾಣಿ ಬ್ಯಾಡ.” ಅವಳು ಉಗುಳು ನುಂಗಿದಳು. “ಕದದ ಸಂದಿಯಾಗಿಂದ ನೀರು ಕೇಳಿದ್ಲು. ನಾ ಕೊಡಲಿಲ್ಲ.”

ಗದ್ದೆಪ್ಪನ ಚಾಚಿದ ಕೈ ಅಲ್ಲಿಂದಲೇ ಹೆಂಡತಿಯ ಕಡೆ ಎದ್ದಿತು. ಹೆಣದ ಸುತ್ತ ಕೂತಿದ್ದ ನಾಟಿ ಗುಂಪಿನ ಹೆಂಗಸರು ಅದನ್ನು ಕಂಡು ಎದ್ದರು. ಎದ್ದು ಬಂದು ಅವನ ಮುಂದೆ ನಿಂತರು, ಅಷ್ಟೆ. ಕೈ ಇಳಿಯಿತು.

ಪಂಪಣ್ಣ ಗದ್ದೆಪ್ಪನನ್ನು ನೋಡಿದ. ಆಮೇಲೆ ಹಿತ್ತಿಲ ಕಡೆ ತಿರುಗಿದ.

“ಹೊತ್ತೇರಾಕತ್ತೈತಿ. ಜಮೀಲಾಬೀ, ಸೀರಿ ತಗೊಂಬಾರವ್ವ.”

ಜಮೀಲಾಬೀ ಸೀರೆಯ ಮಡಿಕೆ ಬಿಚ್ಚಿದಳು. ಒಂದು ಅಂಚನ್ನು ಹೊನ್ನೂರಮ್ಮ ಹಿಡಿದಳು, ಇನ್ನೊಂದನ್ನು ಯಮನಮ್ಮ. ಆಗ ಯಮನಮ್ಮನಿಗೆ ಅಳು ಬಂತು; ಆದರೆ ಬಾಗಿಲ ಮರೆಯಲ್ಲಿ ನಿಂತ ಆ ಬಡಕಲು ಹೆಣ್ಣಿನ ಅಗಳಿ ಹಾಕಿದ ಕೈ ಕಂಡು ಅರ್ಧಕ್ಕೇ ನಿಂತಿತು.

ಮಣ್ಣು ಕೊಟ್ಟು ಗಂಡಸರು ತಿರುಗಿದರು. ಹೆಂಗಸರು ಕಾಲುವೆಯಲ್ಲಿ ಮುಳುಗಿ ಎದ್ದು, ಬೇರೆ ಸೀರೆ ಉಟ್ಟು ಏರಿಯ ಮೇಲೆ ಸಾಲಾಗಿ ಕೂತರು. ಶಿವಬಸಮ್ಮ ಎಲ್ಲರ ಹಿಂದೆ ಬಂದಿದ್ದಳು. ಯಾರೂ ಬಾ ಅನ್ನಲಿಲ್ಲ, ಹೋಗು ಅನ್ನಲಿಲ್ಲ. ಉಡಲು ಬೇರೆ ಬಟ್ಟೆಯಿಲ್ಲದೆ ನೀರು ಸೋರುತ್ತಾ ನಿಂತವಳ ಮೇಲೆ ಹೊನ್ನೂರಮ್ಮ ಗೊಣಗುತ್ತಲೇ ತನ್ನದೊಂದು ಸೀರೆ ಎಸೆದಳು. ಉಟ್ಟು ಬಂದವಳಿಗೆ ಸಾಲಿನಲ್ಲಿ ಸಿಕ್ಕ ಜಾಗ ಯಮನಮ್ಮನ ಪಕ್ಕದಲ್ಲಿ.

“ನೀರು ಕೇಳಿದಾಕಿಗೆ ಕೊಡಲಿಲ್ಲ ನೀ,” ಎಂದಳು ಯಮನಮ್ಮ, ಅವಳ ಮುಖ ನೋಡದೆ. “ಇದನ್ನ ನಾ ಸಾಯೋತನ ಮರಿಯಂಗಿಲ್ಲ.”

“ಮರಿಬ್ಯಾಡ ಯಕ್ಕ.”

ನೀರು ಹರಿಯುತ್ತಿತ್ತು. ಯಮನಮ್ಮನಿಗೆ ಕೇಳುವ ಮನಸ್ಸಿರಲಿಲ್ಲ. ಆದರೂ ಕೇಳಿದಳು.

“ಈಗ ಮನಿಗೆ ಹೋದರ?”

“ಮನಿ ಮುಟ್ಟೋತನ ಎಲ್ಲಿ ತಡೀತಾರ, ದಾರ್ಯಾಗ ಬಡೀತಾರ,” ಎಂದಳು ಶಿವಬಸಮ್ಮ, ಮಳೆ ಬರುವ ಮಾತು ಹೇಳಿದ ಹಾಗೆ.

“ನಿನ್ನ ತವರು?”

“ನನ್ನ ತಮ್ಮ ಹಟ್ಟಿಯಾಗ ಅದಾನ, ಬಂಗಾರದ ಗಣಿ ಕೆಲಸ. ಆತನ ಕದಕ್ಕೂ ಅಗಳಿ ಐತಿ.”

ಸಂಜೆಯ ಬಸ್ಸು ಸೇತುವೆಯ ಮೇಲೆ ಬಂದು ನಿಂತಿತು. ಗದ್ದೆಪ್ಪ ಯಾರೂ ಮುಟ್ಟದ ತನ್ನ ಸೀರೆಯನ್ನು ಕಂಕುಳಲ್ಲಿಟ್ಟುಕೊಂಡು ಏರಿಯ ಮೇಲೆ ದಡದಡ ನಡೆದು ಬಂದ. ಸೇತುವೆಯ ಮೇಲಿನ ಗಂಡಸರು ಇತ್ತ ನೋಡುತ್ತಿದ್ದರು.

“ಎಲ್ಲದಾಳ ನಮ್ಮಾಕಿ?” ಎಂದು ದೂರದಿಂದಲೇ ಯಮನಮ್ಮನನ್ನು ಕೇಳಿದ.

ಯಮನಮ್ಮ ಪಕ್ಕಕ್ಕೆ ಕುತ್ತಿಗೆ ತುಸು ತಿರುಗಿಸಿದ್ದರೆ ಸಾಕಿತ್ತು, ಅವನಿಗೆ ತಿಳಿಯುತ್ತಿತ್ತು. ಎಂಟು ವರ್ಷ ಅವಳು ಶಪಿಸಿದ ಕೈ ಗೇಣು ದೂರದಲ್ಲಿ, ಮೊಣಕಾಲನ್ನು ತಬ್ಬಿಕೊಂಡಿತ್ತು. ಯಮನಮ್ಮನ ಸಿಟ್ಟು ಒಂದು ಕೂದಲೆಳೆಯಷ್ಟೂ ಇಳಿದಿರಲಿಲ್ಲ. ಅವಳು ತಲೆಯ ಮೇಲಿನ ಸೆರಗನ್ನು ಎರಡೂ ಕೈಯಿಂದ ಹಿಡಿದು ಎದೆಯವರೆಗೆ ಎಳೆದುಕೊಂಡಳು.

ಇತ್ತ ಶಿವಬಸಮ್ಮ, ಅತ್ತ ಜಮೀಲಾಬೀ ಎಳೆದುಕೊಂಡರು. ಹೊನ್ನೂರಮ್ಮ ಎಳೆದುಕೊಂಡಳು. ಸಾಲಿನ ಈ ಕೊನೆಯಿಂದ ಆ ಕೊನೆಯವರೆಗೆ ಒಂದೊಂದಾಗಿ ಮುಖಗಳು ಮುಚ್ಚಿದವು. ಗದ್ದೆಗೆ ಉಡುವ ಸೀರೆಗಳು; ತೊಳೆದು ತೊಳೆದು ಎಲ್ಲವೂ ಕಾಲುವೆಯ ಮಣ್ಣಿನ ಬಣ್ಣಕ್ಕೆ ತಿರುಗಿದ್ದವು.

ಗದ್ದೆಪ್ಪ ಹೆಂಡತಿಯ ಹೆಸರು ಹಿಡಿದು ಕೂಗಿದ. ಒಂದು ಮುಸುಕಿನ ಮುಂದೆ ಬಗ್ಗಿದ, ಕೈ ಮುಂದೆ ಮಾಡಿದ. ಮತ್ತೊಬ್ಬರ ಹೆಂಡತಿಯ ಸೆರಗಾಗಿದ್ದರೆ ಎಂದು ಸೇತುವೆಯ ಕಡೆ ನೋಡಿ ಕೈ ಹಿಂದೆ ತೆಗೆದ. ಇನ್ನೊಂದರ ಮುಂದೆ ಬಗ್ಗಿದ. ಸಾಲಿನ ಆ ತುದಿಗೆ ಹೋಗಿ ಮತ್ತೆ ಈ ತುದಿಗೆ ಬಂದ. ಒಂದು ಮುಸುಕೂ ಅಲುಗಲಿಲ್ಲ. ಸೇತುವೆಯ ಮೇಲೆ ಬಸ್ಸು ಎರಡನೆಯ ಸಲ ಹಾರ್ನು ಹೊಡೆಯಿತು.