ಜಮುನಾಗೆ ಸವಾರಿ ಬೇಕು

ನನ್ನ ಗಂಡ ಸದಾಶಿವಯ್ಯನವರಿಗೆ ಗುಬ್ಬಿಯಲ್ಲಿ ಸೈಕಲ್ ಶಾಪಿತ್ತು, ಮನೆಯ ಹಿಂದೆ ಒಂದಿಷ್ಟು ಜಮೀನಿತ್ತು, ತಲೆ ಮಾತ್ರ ನೆಟ್ಟಗಿರಲಿಲ್ಲ. ಎಂಬತ್ತಮೂರರ ಸುಮಾರಿಗೆ ತುಮಕೂರಿನಲ್ಲಿ ಎಲ್ಲಿ ನೋಡಿದರೂ ಆಟೋಗಳಾಗಿ, ಜಟಕಾದವರು ಕುದುರೆಗಳನ್ನು ಬೀದಿಗೆ ಬಿಡತೊಡಗಿದರು. ಟಯರ್ ತರಲು ಹೋದ ಈ ಮಹಾರಾಯರು ಕುದುರೆ ಹಿಡಿದುಕೊಂಡು ಬರುತ್ತಿದ್ದರು. ಹಾಗೆ ಬಂದವು ನಾಲ್ಕು. ಒಂದು ಕುಂಟು, ಒಂದಕ್ಕೆ ಹೆಗಲ ತುಂಬ ಹುಣ್ಣು, ಒಂದಕ್ಕೆ ಕಣ್ಣು ಕಾಣದು. ನಾಲ್ಕನೆಯವಳು ಜಮುನಾ. ಮೈಯೆಲ್ಲ ಗಟ್ಟಿಮುಟ್ಟು, ತೊಂದರೆಯೆಲ್ಲ ಅವಳದೇ.

ಹುರುಳಿ ಬೇಯಿಸುವವಳು ನಾನು, ಲದ್ದಿ ಬಾಚುವವಳು ನಾನು. ಗೊರಸಿನ ಸಂದಿಯ ಕಲ್ಲು ತೆಗೆದು, ಹುಣ್ಣಿಗೆ ಬೇವಿನೆಣ್ಣೆ ಸವರಿ, ಆಮೇಲೆ ಅದೇ ಕೈಯಲ್ಲಿ ರೊಟ್ಟಿ ತಟ್ಟಬೇಕು. ಎಷ್ಟು ಸೀಗೇಪುಡಿ ಹಾಕಿ ಉಜ್ಜಿದರೂ ವಾಸನೆ ಹೋಗುತ್ತಿರಲಿಲ್ಲ. ನನ್ನ ಬೈಗುಳ ಕೇಳಿ ಕೇಳಿ ಆ ಕುರುಡು ಕುದುರೆಗೆ ನನ್ನ ದನಿ ಅಂದರೆ ಊಟದ ಹೊತ್ತು ಅಂತ ಗೊತ್ತಾಗಿಬಿಟ್ಟಿತ್ತು.

ಜಮುನಾ ತುಮಕೂರು ರೈಲ್ವೆ ಸ್ಟೇಷನ್ನಿನ ಜಟಕಾದಲ್ಲಿ ದುಡಿದವಳು. ಅವಳನ್ನು ನಮ್ಮ ಮನೆತನಕ ಬಂದು ಒಪ್ಪಿಸುವಾಗ ಆ ಜಟಕಾದ ಖಲಂದರ್ ಸಾಬರು ಕಣ್ಣೊರೆಸಿಕೊಂಡು ಹೇಳಿದ್ದರು: "ಅಮ್ಮಾ, ರೈಲು ಸಿಳ್ಳೆ ಹಾಕ್ತು ಅಂದ್ರೆ ಇವ್ಳು ಸವಾರಿಗೆ ಓಡ್ತಾಳೆ. ಗಾಡಿ ಮೇಲೆ ಜನ ಹತ್ತಿ ಕೂತು ಬೆನ್ನಿಗೆ ಭಾರ ಬೀಳೋವರ್ಗೂ ಕದಲಲ್ಲ. ನಾನೇ ಕಲಿಸಿದ್ದು."

ನಮ್ಮ ಜಮೀನಿನ ಅಂಚಿಗೇ ರೈಲು ಹಳಿ. ಈ ಬುದ್ಧಿ ಇರುವ ಕುದುರೆಯನ್ನು ಇಂಥ ಜಾಗಕ್ಕೆ ತಂದು ಕಟ್ಟಬೇಕೆಂದು ನನ್ನ ಗಂಡನಿಗೆ ಮಾತ್ರ ಹೊಳೆಯಲು ಸಾಧ್ಯ. ರೈಲಿನ ಹೊತ್ತಿಗೆಲ್ಲ ಅವಳನ್ನು ಗೂಟಕ್ಕೆ ಬಿಗಿಯುವುದು, ರೈಲು ಹೋದ ಮೇಲೆ ಬಿಚ್ಚುವುದು ನನಗೆ ಇನ್ನೊಂದು ಕೆಲಸ. ದಿನಾ ಬೆಳಿಗ್ಗೆ ಲಾಯದಿಂದ ಹೊರಡಿಸಲು ಇವರು ಅವಳ ಬೆನ್ನ ಮೇಲೆ ಎರಡೂ ಕೈಯೂರಿ ಭಾರ ಬಿಟ್ಟು, "ಸವಾರಿ ಬಂದಾಯ್ತು, ನಡಿಯಮ್ಮ" ಅನ್ನುತ್ತಿದ್ದರು. ಆಗಲೇ ಅವಳು ಹೆಜ್ಜೆ ಕೀಳುವುದು. ಇಬ್ಬರ ನಾಟಕ ನೋಡಿ ನನಗೆ ಮೈ ಉರಿಯುತ್ತಿತ್ತು.

ಒಮ್ಮೆ ಹಗ್ಗ ಕಿತ್ತುಕೊಂಡು ಹಳಿಯ ತನಕ ಹೋಗಿಬಿಟ್ಟಳು. ನಾನು ಕಡ್ಡಿ ಮುರಿದ ಹಾಗೆ ಹೇಳಿದೆ: "ಇವಳನ್ನ ಎಲ್ಲಾದ್ರೂ ಸಾಗಿಸಿ. ರೈಲಿಗೆ ಸಿಕ್ಕಿ ಸಾಯೋದನ್ನ ನಾನು ನೋಡಕ್ಕಾಗಲ್ಲ." ಕುಣಿಗಲ್ಲಿನಲ್ಲಿ ಆಗಿನ್ನೂ ರೈಲಿರಲಿಲ್ಲ. ಅಲ್ಲಿ ಕುದುರೆ ಫಾರಮ್ಮಿನಲ್ಲಿ ದುಡಿದು ನಿವೃತ್ತನಾದ ಬೆಟ್ಟಸ್ವಾಮಿ ಎಂಬ ಪರಿಚಯದವನಿದ್ದ. ಅವನನ್ನು ಕೇಳಿ ಬರುತ್ತೇನೆಂದು ಇವರು ಬೆಳಗಿನ ಬಸ್ಸು ಹತ್ತಿದರು.

ಅವತ್ತು ಪ್ಯಾಸೆಂಜರ್ ಹೋಯಿತು. ನಾನು ಜಮುನಾಳ ಹಗ್ಗ ಬಿಚ್ಚಿ, ಕುರುಡು ಕುದುರೆಗೆ ನೀರಿಡುತ್ತಿದ್ದೆ. ಮತ್ತೊಂದು ಸಿಳ್ಳೆ ಕೇಳಿತು. ಹೊತ್ತಲ್ಲದ ಹೊತ್ತಿನಲ್ಲಿ ಒಂದು ಗೂಡ್ಸು ಬಂದು, ತಿರುವಿನಾಚೆ ಕೈಮರದ ಹತ್ತಿರ ನಿಂತಿತ್ತು. ಸಿಗ್ನಲ್ ಕೊಡಿ ಎಂದು ಬಿಡದೆ ಕೂಗುತ್ತಿತ್ತು. ತಿರುಗಿ ನೋಡಿದರೆ ಜಮುನಾ ಬೇಲಿ ದಾಟಿ, ಹಳಿಗೆ ಅಡ್ಡಲಾಗಿ, ಕಿವಿ ನಿಮಿರಿಸಿಕೊಂಡು ನಿಂತಿದ್ದಳು.

ಓಡಿದೆ. ಜಾಲಿ ಪೊದೆಗಳ ಮೇಲೆ ಕೈಮರದ ತೋಳು ಮಾತ್ರ ಕಾಣುತ್ತಿತ್ತು. ಅದು ಅಡ್ಡ ಇರುವ ತನಕ ರೈಲು ನಿಂತಿರುತ್ತದೆ. ಕೆಳಗೆ ಬಾಗಿದರೆ ಹೊರಡುತ್ತದೆ. ತಿರುವಿನಿಂದಾಗಿ ಡ್ರೈವರಿಗೆ ನಾವು ಕಾಣುವುದಿಲ್ಲ.

ಹಗ್ಗ ಹಿಡಿದು ಎಳೆದೆ. ಕದಲಲಿಲ್ಲ. ಕೋಲು ತೆಗೆದು ಬಾರಿಸಿದೆ. ಚರ್ಮ ಅದುರಿಸಿ ಸುಮ್ಮನಾದಳು. "ಏಯ್ ಶನಿ, ನಡಿಯೇ! ನಿಂಗೆ ಕೈ ಮುಗೀತೀನಿ, ನಡಿಯೇ!" ಸುತ್ತ ಒಂದು ನರಪಿಳ್ಳೆಯೂ ಇರಲಿಲ್ಲ. ಇವರು ಮಾಡುವ ಹಾಗೆ ಬೆನ್ನ ಮೇಲೆ ಕೈಯೂರಿ, "ಸವಾರಿ ಬಂದಾಯ್ತು" ಅಂದೆ. ಕತ್ತು ಹೊರಳಿಸಿ ನನ್ನನ್ನೊಮ್ಮೆ ನೋಡಿ ಮತ್ತೆ ಸಿಳ್ಳೆಯ ಕಡೆ ತಿರುಗಿದಳು. ಸ್ಟೇಷನ್ನಿನ ಮುಂದೆ ನಿಂತಿದ್ದೇನೆ ಅಂದುಕೊಂಡ ಕುದುರೆಗೆ ನನ್ನ ಎರಡು ಕೈಯ ಭಾರ ಯಾವ ಮೂಲೆಗೆ?

ಸೀರೆ ಎತ್ತಿ ಕಚ್ಚೆ ಬಿಗಿದೆ. ಜೂಲು ಹಿಡಿದು ಎಗರಿದೆ. ಜಾರಿ ಜಲ್ಲಿಯ ಮೇಲೆ ಬಿದ್ದು ಮೊಣಕಾಲಿನ ಚರ್ಮ ಕಿತ್ತುಹೋಯಿತು. ಅಷ್ಟರಲ್ಲಿ ಹಳಿಯ ಪಕ್ಕದ ಸಿಗ್ನಲ್ ತಂತಿ ಕಿರ್ರೆಂದು ಬಿಗಿಯಿತು. ತಲೆಯೆತ್ತಿದರೆ ಕೈಮರದ ತೋಳು ದಡಕ್ಕನೆ ಕೆಳಗೆ ಬಾಗಿತು. ಸಿಳ್ಳೆ ನಿಂತು, ಇಂಜಿನ್ನು ಉಸಿರು ಬಿಡುತ್ತ ಹೊರಟ ಸದ್ದು ಕೇಳಿಸಿತು.

ಬಿಟ್ಟು ಓಡಬಹುದಿತ್ತು. ಓಡಲು ಮನಸ್ಸೇ ಬರಲಿಲ್ಲ. ಮತ್ತೆ ಎಗರಿದೆ. ಹೊಟ್ಟೆ ಅವಳ ಬೆನ್ನಿಗೆ ಅಡ್ಡಬಿತ್ತು, ಕಾಲು ಆಚೆ ಎಸೆದೆ, ಕೂತೆ. ಕುದುರೆಯ ಮೇಲೆ ಹುಟ್ಟಿದಾಗಿನಿಂದ ಕೂತವಳಲ್ಲ. ಕುತ್ತಿಗೆ ತಟ್ಟಿ ಕೂಗಿದೆ: "ಸವಾರಿ ಬಂದಾಯ್ತು ಕಣೇ ಜಮುನಾ! ನಡಿಯೇ ನಮ್ಮವ್ವ!"

ನಡೆದಳು. ಅವಸರವಿಲ್ಲದೆ, ಒಂದು ಹಳಿ ದಾಟಿ, ಇಳಿಜಾರು ಇಳಿದು, ಬೇಲಿಯ ಕಂಡಿ ನುಗ್ಗಿ. ನಮ್ಮ ಬೆನ್ನ ಹಿಂದೆ ಗೂಡ್ಸು ತಿರುವು ದಾಟಿ ಸಿಳ್ಳೆ ಹಾಕಿಕೊಂಡು ಹೋಯಿತು. ಅವಳು ತಿರುಗಿ ಕೂಡ ನೋಡಲಿಲ್ಲ. ಸವಾರಿ ಸಿಕ್ಕಿತ್ತಲ್ಲ, ರೈಲು ಇನ್ನು ಯಾಕೆ? ಮನೆ ಬಾಗಿಲಿಗೆ ಬಂದು ನಿಂತು, ನಾನು ಇಳಿಯಲೆಂದು ಕಾದಳು. ಇಳಿದು ಅವಳ ಕುತ್ತಿಗೆ ತಬ್ಬಿಕೊಂಡು ಗಟ್ಟಿಯಾಗಿ ಅತ್ತೆ.

ಸಂಜೆ ಇವರು ಬಂದವರೇ ಚಪ್ಪಲಿ ಬಿಡುತ್ತ, "ಬೆಟ್ಟಸ್ವಾಮಿ ಒಪ್ಪವ್ನೆ. ಭಾನುವಾರ ಲಾರಿ. ಇನ್ನಾದ್ರೂ ನಿನಗೆ ನೆಮ್ಮದಿಯಾಯ್ತಾ?" ಅಂದರು.

ಬೇಡ ಅನ್ನಿ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಸಂಜೆಯ ಗಾಡಿ ಕೂಗಿತು. ಲಾಯದಲ್ಲಿ ಗೂಟ ಅಲ್ಲಾಡುವ ಸದ್ದಾಯಿತು.

"ನಾನೂ ಬರ್ತೀನಿ ರೀ," ಅಂದೆ.

ಕುಣಿಗಲ್ಲಿನಲ್ಲಿ ಲಾರಿಯಿಂದ ಇಳಿಸಿದ ಜಾಗದಿಂದ ಜಮುನಾ ಅಲ್ಲಾಡಲಿಲ್ಲ. ಹೊಸ ಊರು, ಹೊಸ ಜನ. ಬೆಟ್ಟಸ್ವಾಮಿ ಹುಲ್ಲು ಹಿಡಿದು ಕರೆದ, ಬೆನ್ನಿಗೆ ಕೈಯೂರಿದ. ಊಹೂಂ. "ಏನ್ ಸದಾಶಿವಣ್ಣ, ಇದು ಬರಂಗೆ ಕಾಣಲ್ಲ. ವಾಪಸ್ ಹೊಡ್ಕೊಂಡ್ ಹೋಗ್ತೀರಾ?"

ಒಂದು ಗಳಿಗೆ ನನಗೆ ಎಷ್ಟು ಖುಷಿಯಾಯಿತೆಂದು ಹೇಳಲಾರೆ. ಆಮೇಲೆ ಅಷ್ಟು ಗಂಡಸರ ಮುಂದೆ ಕಚ್ಚೆ ಬಿಗಿದು, ದಿಮ್ಮಿಯೊಂದರ ಮೇಲೆ ಕಾಲಿಟ್ಟು ಹತ್ತಿ ಕೂತೆ. ಇವರು ಬಾಯಿ ತೆರೆದುಕೊಂಡು ನೋಡಿದರು. ಅವರಿಗೆ ನಾನು ಹಳಿಯ ಸಂಗತಿ ಹೇಳಿರಲಿಲ್ಲ.

ಹುಣಸೆಮರದಡಿ ಬೆಟ್ಟಸ್ವಾಮಿಯ ಎರಡು ಮುದಿ ಕುದುರೆಗಳಿದ್ದವು. ಜಮುನಾ ನೇರ ಅಲ್ಲಿಗೆ ಹೋಗಿ ನಿಂತಳು. ಕಿವಿಯನ್ನು ಹಿಂದೆ ನನ್ನ ಕಡೆ ತಿರುಗಿಸಿ, ನಾನು ಇಳಿಯಲೆಂದು ಕಾದಳು. ಎಲ್ಲೂ ಸಿಳ್ಳೆಯಿಲ್ಲ, ಹಳಿಯಿಲ್ಲ. ನಾನು ಕೂತೇ ಇದ್ದೆ. ನಾನು ಕೂತಿರುವಷ್ಟು ಹೊತ್ತೂ ಅವಳು ಹೊಸ ಮನೆಯ ಹುಲ್ಲಿಗೆ ಬಾಯಿ ಹಾಕುವುದಿಲ್ಲವೆಂದು ನನಗೆ ಗೊತ್ತಿತ್ತು.

ಇಳಿದೆ.