ಬಿಗಿಯಾಗಿ ಮುಚ್ಚಿದ ವಾಲ್ವ್

ಬೆಂಗಳೂರಿಗೆ ಸಮುದ್ರವಿಲ್ಲ, ಇದನ್ನು ಯಾರೂ ಹೊಸದಾಗಿ ಹೇಳಬೇಕಾಗಿಲ್ಲ. ಆದರೂ ಸುಂಕದಕಟ್ಟೆಯ ಒಂದು ಶೆಡ್ಡಿನಲ್ಲಿ, ಈ ಕಡೆ ಪೌಡರ್ ಕೋಟಿಂಗ್ ಅಂಗಡಿ, ಆ ಕಡೆ ಅಗರಬತ್ತಿ ಗೋಡೌನು, ಇವೆರಡರ ಮಧ್ಯೆ ಹಡಗಿನ ಎಂಜಿನ್ ರೂಮೊಂದು ದಿನಾ ಬೆಳಿಗ್ಗೆ ಗಡಗಡ ಸದ್ದು ಮಾಡುತ್ತಿತ್ತು. ಯಾವುದೋ ಒಡೆದ ಹಡಗಿನಿಂದ ಬಿಚ್ಚಿ ತಂದ ಜನರೇಟರ್ ಎಂಜಿನ್, ಅದರ ಸುತ್ತ ಪಂಪು, ಪೈಪು, ಮೀಟರು, ಒಂದು ಕಬ್ಬಿಣದ ಏಣಿ. ಎಂಜಿನ್ ತಣ್ಣಗಿಡಲು ಸಮುದ್ರದ ನೀರಿನ ಬದಲು ಚಾವಣಿಯ ಟ್ಯಾಂಕಿನಿಂದ ಬೋರ್‌ವೆಲ್ ನೀರು. ಉಪ್ಪಿನಂಶಕ್ಕೇನೂ ಕೊರತೆಯಿರಲಿಲ್ಲ ಬಿಡಿ.

ಹಡಗಿನ ಕೆಲಸ ಕಲಿಸುವ ಈ ಟ್ರೈನಿಂಗ್ ಸೆಂಟರಿನ ಮೇಷ್ಟರು ವಿಶ್ವಾರಾಧ್ಯ. ವರ್ಷಗಟ್ಟಲೆ ಹಡಗಿನಲ್ಲಿ ಸೆಕೆಂಡ್ ಎಂಜಿನಿಯರ್ ಆಗಿದ್ದು, ಸಕ್ಕರೆ ಕಾಯಿಲೆ ಹಿಡಿದ ಮೇಲೆ ಡಾಕ್ಟರು ಇನ್ನು ಸಮುದ್ರ ಸಾಕು ಎಂದಾಗ ಬಸವೇಶ್ವರನಗರದ ಮನೆಗೆ ಮರಳಿ, ಈ ಕೆಲಸ ಹಿಡಿದಿದ್ದ. ಅವನು ಕಲಿಸುತ್ತಿದ್ದುದು ವಾಚ್ ಕಾಯುವ ವಿದ್ಯೆ. ಅಂದರೆ ಎಂಜಿನ್ ರೂಮಿನಲ್ಲಿ ತನ್ನ ಪಾಳಿ ಮುಗಿಯುವ ತನಕ ಯಂತ್ರಗಳ ಮೇಲೆ ಕಣ್ಣು, ಕಿವಿ, ಮೂಗು ಎಲ್ಲ ಇಟ್ಟುಕೊಂಡು ನಿಲ್ಲುವುದು. ಅದನ್ನು ಅವನಷ್ಟು ಚೆನ್ನಾಗಿ ಕಲಿಸುವವರು ಇರಲಿಲ್ಲ. ಇದು ಅವನಿಗೂ ಗೊತ್ತಿತ್ತು, ಸ್ವಲ್ಪ ಜಾಸ್ತಿಯೇ ಗೊತ್ತಿತ್ತು.

ಪ್ರತಿ ಬ್ಯಾಚಿನ ಮೊದಲ ದಿನ ಒಂದೇ ಪಾಠ. "ಪಾಳಿಗೆ ಬರೋನು ಮೊದಲು ಪೂರ್ತಿ ಒಂದು ರೌಂಡ್ ಹಾಕ್ಬೇಕು. ಪಾಳಿ ಬಿಟ್ಟು ಹೋಗೋನು ಏನು ಮುಚ್ಚಿದೀನಿ, ಏನು ತೆಗೆದಿದೀನಿ ಅಂತ ಬಾಯಿಬಿಟ್ಟು ಹೇಳ್ದೆ ಮೆಟ್ಟಿಲು ಹತ್ತಬಾರ್ದು. ಹೇಳ್ದೆ ಹೋದೋನು ಕೆಳಗಿರೋರ ಜೀವ ಮಾರ್ಕೊಂಡು ಹೋದ ಹಾಗೆ." ಹೀಗೆ ಹೇಳುವಾಗ ಅವನ ದನಿ ಮಠದ ಸ್ವಾಮಿಗಳ ಆಶೀರ್ವಚನದಷ್ಟೇ ಗಂಭೀರವಾಗಿರುತ್ತಿತ್ತು.

ಅವನಿಗೊಂದು ಅಭ್ಯಾಸವಿತ್ತು. ಯಾರಿಗೂ ಹೇಳದೆ ಎಂಜಿನ್ನಿನಲ್ಲಿ ಏನಾದರೂ ಒಂದು ಕಿತಾಪತಿ ಮಾಡಿಡುವುದು. ಹೆಚ್ಚಾಗಿ ತಣ್ಣೀರಿನ ವಾಲ್ವನ್ನು ಸದ್ದಿಲ್ಲದೆ ಮುಚ್ಚುತ್ತಿದ್ದ. ಶಾಖದ ಮೀಟರಿನ ಮುಳ್ಳು ಮೆಲ್ಲಗೆ ಏರತೊಡಗಿದಾಗ ವಾಚ್‌ನಲ್ಲಿದ್ದವರು ಅದನ್ನು ಗಮನಿಸಿ, ಪೈಪು ಮುಟ್ಟಿ ನೋಡಿ, ಕಾರಣ ಹುಡುಕಿ, ವಾಲ್ವ್ ತೆರೆದು ಅವನಿಗೆ ವರದಿ ಮಾಡಬೇಕು. ಮಕ್ಕಳು ಇದಕ್ಕೆ ಸಾರ್ ಡ್ರಿಲ್ ಎಂದು ಹೆಸರಿಟ್ಟಿದ್ದರು.

ಬ್ಯಾಚಿನಲ್ಲಿದ್ದ ಒಬ್ಬಳೇ ಹುಡುಗಿ ಬಿಂದುಶ್ರೀ. ಮೂಡಲಪಾಳ್ಯದವಳು, ಚುರುಕು. ಒಮ್ಮೆ ಎಂಜಿನ್ ಇನ್ನೂ ಬಿಸಿಯೇ ಆಗಿರದಾಗ ವಾಲ್ವ್ ಮುಚ್ಚಿದ್ದನ್ನು ಕಂಡುಹಿಡಿದು ತೆರೆದುಬಿಟ್ಟಿದ್ದಳು. ಬೇರೆ ಯಾರಾದರೂ ಭೇಷ್ ಅನ್ನುತ್ತಿದ್ದರು. ವಿಶ್ವಾರಾಧ್ಯನಿಗೆ ತನ್ನ ಆಟ ಕೆಟ್ಟಿತೆಂದು ಸಿಟ್ಟು ನೆತ್ತಿಗೇರಿತು. ಎಲ್ಲರ ಮುಂದೆ ಅವಳನ್ನು ನಿಲ್ಲಿಸಿ, "ಇದೇನು ಕಣ್ಣಾಮುಚ್ಚಾಲೆನಾ? ನಾನು ಎಲ್ಲಿ ಬಚ್ಚಿಟ್ಟಿದೀನಿ ಅಂತ ಹುಡುಕೋದಲ್ಲ, ಮೀಟರ್ ನೋಡಿ ಕಂಡುಹಿಡೀಬೇಕು. ಇನ್ಮೇಲೆ ಮುಳ್ಳು ಏಳೋ ತನಕ ನನ್ನ ವಾಲ್ವ್ ಯಾರೂ ಮುಟ್ಟಬೇಡಿ," ಎಂದು ಬೈದಿದ್ದ. ಅವಳು ಕೆಂಪಗಾಗಿ "ಸರಿ ಸಾರ್" ಅಂದಿದ್ದಳು.

ಆಮೇಲೆ ಒಂದು ಸಂಜೆ ಹೀಗಾಯಿತು. ವಿಶ್ವಾರಾಧ್ಯ ಡ್ರಿಲ್ಲಿಗೆಂದು ವಾಲ್ವ್ ಮುಚ್ಚಿದ. ಎಂಜಿನ್ ಶುರುಮಾಡುವ ಹೊತ್ತಿಗೆ ನೋಡಿದರೆ ಡೀಸೆಲ್ ತಳ ಕಂಡಿತ್ತು. ಇವತ್ತಿಗೆ ಸಾಕು ಎಂದು ಮಕ್ಕಳನ್ನು ಮನೆಗೆ ಕಳಿಸಿ, ತಾನೂ ಸ್ಕೂಟರ್ ಹತ್ತಿ ಮಾಗಡಿ ರಸ್ತೆಯ ಟ್ರಾಫಿಕ್ಕಿಗೆ ಶಾಪ ಹಾಕುತ್ತಾ ಹೊರಟುಹೋದ. ಮುಚ್ಚಿದ ವಾಲ್ವ್ ಮುಚ್ಚಿದಂತೆಯೇ ಇತ್ತು. ಅದು ಅವನ ನೆನಪಿನಿಂದ ಪೂರ್ತಿ ಅಳಿಸಿಹೋಗಿತ್ತು.

ಮರುದಿನ ಬೆಳಿಗ್ಗೆ ಡೀಸೆಲ್ ಬಂತು, ಎಂಜಿನ್ ಶುರುವಾಯಿತು. ವಾಚ್‌ನಲ್ಲಿ ಬಿಂದುಶ್ರೀ, ಜೊತೆಗೆ ಮಾರೇನಹಳ್ಳಿಯ ರೇವಂತ್. ವಿಶ್ವಾರಾಧ್ಯ ಮೇಲಿನ ಕ್ಯಾಬಿನ್ನಿನಲ್ಲಿ ಕೂತು ಚೌಚೌಭಾತ್ ತಿನ್ನುತ್ತಿದ್ದ. ಕೆಳಗಿನಿಂದ ಪಟಾರ್ ಎಂದು ಸದ್ದು ಬಂತು, ಹಿಂದೆಯೇ ಒಂದು ಕಿರುಚಾಟ. ಮುಳ್ಳು ಏರತೊಡಗಿ ಬಿಂದುಶ್ರೀ ವಾಲ್ವಿನತ್ತ ಓಡುತ್ತಿದ್ದಂತೆ, ಹಳೆಯ ರಬ್ಬರ್ ಪೈಪು ಬಿಸಿ ತಡೆಯಲಾರದೆ ಸಿಡಿದಿತ್ತು. ಪಕ್ಕದಲ್ಲಿ ನಿಂತಿದ್ದ ರೇವಂತನ ಬಲತೋಳಿನ ಮೇಲೆ ಕುದಿಯುವ ನೀರು ಹಾರಿತ್ತು.

ಏಣಿ ಇಳಿಯುವಾಗಲೇ ವಿಶ್ವಾರಾಧ್ಯನಿಗೆ ನೆನಪಾಯಿತು. ರೇವಂತನನ್ನು ಆಟೋದಲ್ಲಿ ಆಸ್ಪತ್ರೆಗೆ ಒಯ್ಯುವಷ್ಟೂ ಹೊತ್ತು ಅವನು ಆ ಹುಡುಗನ ಭುಜ ಹಿಡಿದುಕೊಂಡು, "ಏನೂ ಆಗಲ್ಲ ಕಣೋ, ಏನೂ ಆಗಲ್ಲ," ಅನ್ನುತ್ತಲೇ ಇದ್ದ. ಹುಡುಗ ಹಲ್ಲು ಕಚ್ಚಿಕೊಂಡು, "ಸಾರಿ ಸಾರ್, ನಾನು ಅಲ್ಲಿ ನಿಂತ್ಕೋಬಾರ್ದಿತ್ತು," ಅಂದ. ಬೆಂದವನೇ ಕ್ಷಮೆ ಕೇಳುವುದನ್ನು ಕೇಳಿಸಿಕೊಂಡು ಸುಮ್ಮನೆ ಕೂರುವುದಿದೆಯಲ್ಲ, ಅಂಥ ಹಿಂಸೆ ಶತ್ರುವಿಗೂ ಬೇಡ.

ತೋಳು ಉಳಿಯಿತು, ಕಲೆ ಮಾತ್ರ ಹೋಗುವುದಿಲ್ಲವೆಂದರು. ಎರಡು ದಿನ ಬಿಟ್ಟು ಸೆಂಟರಿನ ಒಡತಿ ಪ್ರಭಾ ಮೇಡಂ ವಿಚಾರಣೆಗೆ ಕೂತರು. ಕೆಟ್ಟವರಲ್ಲ, ಆದರೆ ತಪ್ಪು ಯಾರದೆಂದು ಗೊತ್ತಾಗದಿದ್ದರೆ ನಿದ್ದೆ ಬಾರದ ಪೈಕಿ.

"ವಾಚ್‌ನಲ್ಲಿ ಇದ್ದಿದ್ದು ನೀನು. ರೌಂಡ್ ಹಾಕಿದ್ಯಾ?" ಎಂದು ಬಿಂದುಶ್ರೀಯನ್ನು ಕೇಳಿದರು.

"ಹಾಕಿದ್ದೆ ಮೇಡಂ."

"ಹಾಗಾದ್ರೆ ವಾಲ್ವ್ ಮುಚ್ಚಿರೋದು ಕಾಣಿಸ್ಲಿಲ್ವಾ?"

ಬಿಂದುಶ್ರೀ ಒಮ್ಮೆ ತಲೆಯೆತ್ತಿ ವಿಶ್ವಾರಾಧ್ಯನನ್ನು ನೋಡಿದಳು. ಆಮೇಲೆ ತಲೆ ತಗ್ಗಿಸಿದಳು.

ಪ್ರಭಾ ಮೇಡಂ ಉಸಿರು ಬಿಟ್ಟು, "ಆ ವಾರ ಚಾವಣಿ ಟ್ಯಾಂಕ್ ತೊಳೆಯೋಕೆ ಜನ ಬಂದಿದ್ರಲ್ಲ, ಅವ್ರೇ ಮುಚ್ಚಿ ಮರ್ತಿರ್ಬೇಕು. ಅಲ್ವಾ ವಿಶ್ವಾರಾಧ್ಯ ಅವ್ರೇ?" ಅಂದರು.

ಇಲ್ಲ ಮೇಡಂ, ನಾನೇ, ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅದರ ಹಿಂದೆಯೇ ಇನ್ನೂ ಏನೇನೋ ಬಂದವು. ಕೆಲಸ ಹೋಗುತ್ತದೆ. ಈ ವಯಸ್ಸಿನಲ್ಲಿ, ಈ ಕಾಯಿಲೆಯಲ್ಲಿ, ಇನ್ನಾರು ಕರೆಯುತ್ತಾರೆ? ಎಲ್ಲಕ್ಕಿಂತ ಹೆಚ್ಚಾಗಿ, ಹೇಳದೆ ಹೋದೋನು ಜೀವ ಮಾರ್ಕೊಂಡು ಹೋದ ಹಾಗೆ ಎಂದು ಬ್ಯಾಚು ಬ್ಯಾಚಿಗೂ ಬಡಿದುಕೊಂಡವನೇ ಹೇಳದೆ ಹೋಗಿದ್ದ ಅಂದರೆ ಮುಖ ಎಲ್ಲಿಡುವುದು?

"ಇರಬಹುದು," ಅಂದ ವಿಶ್ವಾರಾಧ್ಯ.

ಅಷ್ಟೇ. ಆ ಒಂದು ಮಾತಿನಲ್ಲಿ ಕೇಸು ಮುಗಿಯಿತು. ವಾಲ್ವ್ ಮುಚ್ಚಿದವರು ಯಾರಾದರೂ ಆಗಲಿ, ನೋಡದೇ ವಾಚ್ ಹಿಡಿದದ್ದು ಬಿಂದುಶ್ರೀಯ ತಪ್ಪು ಎಂದು ತೀರ್ಮಾನವಾಯಿತು. ವಾಚ್ ಕಾಯಲು ಅನರ್ಹಳು ಎಂದು ಬರೆದ ಹಾಳೆಯ ಮೇಲೆ ಮೇಷ್ಟರ ಸಹಿ ಬೇಕಿತ್ತು, ಹಾಕಿದ. ಬ್ಯಾಚಿನವರೆಲ್ಲ ಮುಂದಿನ ತಿಂಗಳು ಮುಂಬೈಗೆ ಹೋಗಿ ಹಡಗು ಹತ್ತುವಾಗ ಅವಳು ಮನೆಯಲ್ಲಿರಬೇಕು.

ಅಂದಿನಿಂದ ಅವನಿಗೆ ಅನ್ನ ರುಚಿಸಲಿಲ್ಲ. ತಪ್ಪು ಅವಳದ್ದೂ ಇದೆ, ರೌಂಡಿನಲ್ಲಿ ಕಾಣಬೇಕಿತ್ತಲ್ಲ, ಎಂದು ಮನಸ್ಸಿನಲ್ಲೇ ವಕಾಲತ್ತು ಹಾಕಿಕೊಂಡ. ವಕೀಲನೂ ತಾನೇ, ಜಡ್ಜೂ ತಾನೇ, ಆದರೂ ಕೇಸು ಗೆಲ್ಲಲಿಲ್ಲ. ಕ್ಲಾಸಿನಲ್ಲಿ ಪಾಳಿ ಒಪ್ಪಿಸುವ ಪಾಠ ಮತ್ತೆ ಬಂತು. ಪಾಳಿ ಬಿಟ್ಟು ಹೋಗೋನು, ಎಂದು ಶುರುಮಾಡಿದವನು ಅಲ್ಲಿಗೇ ನಿಂತ. ಮಕ್ಕಳು ಪಾಪ, ಶುಗರ್ ಲೋ ಆಗಿರಬೇಕೆಂದು ಚಾಕೊಲೇಟ್ ತಂದುಕೊಟ್ಟರು. ಅದನ್ನು ಬಾಯಿಗೆ ಹಾಕಿಕೊಂಡಾಗ ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು.

ಭಾನುವಾರ ಸ್ಕೂಟರ್ ತೆಗೆದು ಮೂಡಲಪಾಳ್ಯಕ್ಕೆ ಹೋದ. ಸುತ್ತಲೂ ನಾಲ್ಕಂತಸ್ತಿನ ಬಾಡಿಗೆ ಮನೆಗಳು ಎದ್ದು ನಿಂತ ಬೀದಿಯಲ್ಲಿ ಅವರದೊಂದು ತಗ್ಗಿನ ಹಳೇ ಮನೆ. ಬಾಗಿಲಲ್ಲಿ ಕೂತು ಅವರೆಕಾಳು ಹಿಸುಕುತ್ತಿದ್ದ ಬಿಂದುಶ್ರೀಯ ಅಜ್ಜಿ ಮುನಿತಾಯಮ್ಮ, ಮೇಷ್ಟರೆಂದು ಗೊತ್ತಾದ ಕೂಡಲೇ ಸೆರಗು ಸರಿಮಾಡಿಕೊಂಡು ಎದ್ದಳು.

"ಬನ್ನಿ ಮೇಷ್ಟ್ರೇ, ಒಳಿಕ್ ಬನ್ನಿ. ನಮ್ ಹುಡ್ಗಿಯಿಂದ ನಿಮ್ಗೆ ಕೆಟ್ಟೆಸ್ರು ಬಂದ್‌ಬುಡ್ತು. ಅಷ್ಟ್ ಚೆಂದಾಗ್ ಕಲ್ಸಿದ್ರಿ ನೀವು. ಬೀದಿಗೆಲ್ಲಾ ಏಳ್ಕಂಡ್ ತಿರ್ಗಿದ್ದೆ, ನನ್ ಮೊಮ್ಮಗ್ಳು ಅಡಗು ನಡೆಸ್ತಾಳೆ ಅಂತ. ಒಟ್ಟೆಗಾಕ್ಕಳಿ ಸಾಮಿ."

ವಿಶ್ವಾರಾಧ್ಯನಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಆ ಮುದುಕಿ ಬೈದಿದ್ದರೆ ಅರ್ಧ ಭಾರ ಇಳಿಯುತ್ತಿತ್ತು. ಒಳಗಿನಿಂದ ಬಿಂದುಶ್ರೀ ಬಂದು ನಮಸ್ಕಾರ ಮಾಡಿ ಕುರ್ಚಿ ಹಾಕಿದಳು. ಅಜ್ಜಿ ಕಾಫಿ ಇಡಲು ಒಳಗೆ ಹೋದಳು. ಅವನು ಕೂರಲಿಲ್ಲ.

"ಬಿಂದು, ಆ ವಾಲ್ವ್ ಮುಚ್ಚಿದ್ದು ನಾನು ಕಣಮ್ಮ. ಹಿಂದಿನ ದಿನ ಡ್ರಿಲ್ಲಿಗೆ ಅಂತ ಮುಚ್ದೆ, ತೆಗೆಯೋದು ಮರ್ತೆ. ಟ್ಯಾಂಕ್ ತೊಳೆಯೋರು ಯಾರೂ ಮುಟ್ಟಿಲ್ಲ."

ಹೇಳಿ ಮುಗಿಸಿ ಅವಳ ಮುಖ ನೋಡಿದ. ಬೆರಗು, ಕೋಪ, ಅಳು, ಏನಾದರೂ ಬರುತ್ತದೆಂದು ಕಾದ. ಬರಲಿಲ್ಲ.

"ಗೊತ್ತು ಸಾರ್," ಅಂದಳು.

"ಗೊತ್ತಾ?"

"ರೌಂಡ್ ಹಾಕ್ದಾಗ್ಲೇ ನೋಡ್ದೆ. ಬೇರೆ ಯಾರಾದ್ರೂ ಮುಚ್ಚಿದ್ರೆ ಸಲೀಸಾಗಿ ತಿರುಗುತ್ತೆ. ನೀವು ಮುಚ್ಚಿದ್ರೆ ಎರಡು ಕೈ ಹಾಕ್ಬೇಕು, ಅಷ್ಟು ಟೈಟ್ ಮಾಡ್ತೀರ. ಬ್ಯಾಚಿಗೆಲ್ಲ ಗೊತ್ತದು. ಕೈಯಿಟ್ಟು ನೋಡಿ ಬಿಟ್ಬಿಟ್ಟೆ. ಸಾರ್ ಡ್ರಿಲ್ ಅಂದ್ಕೊಂಡೆ. ಮುಳ್ಳು ಏಳೋ ತನಕ ಮುಟ್ಟಬೇಡಿ ಅಂದಿದ್ರಲ್ಲ."

ವಿಶ್ವಾರಾಧ್ಯ ಈಗ ಕೂತ. ಅವಳು ನೋಡದೆ ತಪ್ಪು ಮಾಡಿದ್ದಾಳೆಂದು ಇಷ್ಟು ದಿನ ಹಿಡಿದುಕೊಂಡಿದ್ದ ಒಂದೇ ಒಂದು ಆಸರೆಯೂ ಕೈಬಿಟ್ಟುಹೋಯಿತು. ಅವಳು ನೋಡಿದ್ದಳು. ಅವನು ಹೇಳಿದ್ದನ್ನೇ ಮಾಡಿದ್ದಳು.

"ಮೇಡಂ ಮುಂದೆ ಯಾಕೆ ಹೇಳ್ಲಿಲ್ಲ?"

"ನೀವು ಅಲ್ಲೇ ಕೂತಿದ್ರಲ್ಲ ಸಾರ್. ಮೇಷ್ಟ್ರ ಮೇಲೆ ನಾನು ಹೆಂಗೆ ಹೇಳ್ಲಿ? ನೀವೇ ಹೇಳ್ತೀರ ಅಂದ್ಕೊಂಡೆ." "ಆಮೇಲೆ ಸಹಿನೂ ಹಾಕಿದ್ರಿ," ಅಂದಳು.

ಅದರಲ್ಲಿ ಆಕ್ಷೇಪಣೆಯ ದನಿಯಿರಲಿಲ್ಲ, ನಡೆದದ್ದನ್ನು ಹೇಳಿದಳು ಅಷ್ಟೇ. ವಿಶ್ವಾರಾಧ್ಯ ಫೋನ್ ತೆಗೆದು ಅಲ್ಲಿಂದಲೇ ಪ್ರಭಾ ಮೇಡಂಗೆ ಮಾಡಿದ. ಸ್ಪೀಕರಿಗೆ ಹಾಕಿದ, ಬಿಂದುಶ್ರೀಗೂ ಕೇಳಲೆಂದು. ಮರೆತದ್ದು, ಇರಬಹುದು ಅಂದದ್ದು, ಸಹಿ ಹಾಕಿದ್ದು, ಹುಡುಗಿ ವಾಲ್ವ್ ನೋಡಿಯೂ ತನ್ನ ಮಾತಿಗೆ ಕಟ್ಟುಬಿದ್ದು ಕಾದದ್ದು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ. ಮೇಡಂ, "ನಿಮ್ಮಿಂದ ಇದನ್ನ ನಾನು ನಿರೀಕ್ಷೆ ಮಾಡಿರ್ಲಿಲ್ಲ. ನಾಳೆ ಬಂದು ಬರೆದು ಕೊಡಿ. ನಿಮ್ಮ ವಿಷಯ ಆಮೇಲೆ ನೋಡೋಣ. ಆ ಹುಡುಗಿಗೆ ಬ್ಯಾಚ್ ಹೋಗೋ ಮುಂಚೆ ಇನ್ನೊಂದ್ಸಲ ಪರೀಕ್ಷೆ ಇಡಿಸ್ತೀನಿ," ಎಂದು ಫೋನ್ ಇಟ್ಟುಬಿಟ್ಟರು.

ವಿಶ್ವಾರಾಧ್ಯನ ಎದೆ ಹಗುರಾಯಿತು. ಕೆಲಸ ಹೋಗುವುದು ಗ್ಯಾರಂಟಿ, ಆದರೂ ಹಗುರಾಯಿತು. ಎಷ್ಟು ಹಗುರಾಯಿತೆಂದರೆ ಮುಖದ ಮೇಲೆ ನಗುವೇ ಬಂತು. ಅದು ಬರಬಾರದಿತ್ತು.

"ಕೇಳಿಸ್ತಲ್ಲ? ನೀನು ಹಡಗು ಹತ್ತೋದು ಗ್ಯಾರಂಟಿ. ನನ್ನ ತೆಗೆದುಹಾಕೋ ಮುಂಚೆ ಮೇಡಂನ ಕೇಳ್ಕೊಂಡು ಆ ಪರೀಕ್ಷೆ ನಾನೇ ತಗೋತೀನಿ. ನನ್ನ ಕೈಯಾರೆ ಪಾಸ್ ಅಂತ ಬರೀತೀನಿ."

"ಬೇಡ ಸಾರ್," ಅಂದಳು ಬಿಂದುಶ್ರೀ. "ನೀವು ತಗೋಬೇಡಿ."

"ಯಾಕಮ್ಮ? ಕೋಪನಾ?"

"ಕೋಪ ಇತ್ತು ಸಾರ್. ಈಗ ಅದಲ್ಲ. ಅವತ್ತು ಮುಳ್ಳು ಏಳ್ತಾ ಇದ್ರೂ ನಾನು ಓಡೋಕೆ ಸ್ವಲ್ಪ ತಡ ಮಾಡ್ದೆ. ಸಾರ್ ಮೇಲೆ ಇದಾರೆ, ಅವ್ರಿಗೆ ಎಲ್ಲ ಗೊತ್ತು, ಏನೂ ಆಗೋಕೆ ಬಿಡಲ್ಲ ಅಂತ ಧೈರ್ಯ. ನಾನು ಎಂಜಿನ್ ನೋಡ್ತಾ ಇರ್ಲಿಲ್ಲ ಸಾರ್, ನಿಮ್ಮನ್ನ ನಂಬ್ಕೊಂಡು ನಿಂತಿದ್ದೆ. ನೀವು ಎದುರಿಗೆ ಇದ್ರೆ ಮತ್ತೆ ಹಂಗೇ ಆಗುತ್ತೆ. ನಿಮ್ಮ ಪರಿಚಯ ಇಲ್ದೋರು ಯಾರಾದ್ರೂ ಬರ್ಲಿ."

ಅಷ್ಟು ವರ್ಷ ಕಲಿಸಿ, ಕಡೆಗೆ ಒಬ್ಬ ಒಳ್ಳೆಯ ವಿದ್ಯಾರ್ಥಿ ತಯಾರಾದಾಗ ಅವಳಿಗೆ ವಿಶ್ವಾರಾಧ್ಯ ಬೇಡವಾಗಿದ್ದ. ಅವಳ ಮಾತಿನಲ್ಲಿ ತಪ್ಪು ಹುಡುಕಿದ, ಒಂದೂ ಸಿಗಲಿಲ್ಲ.

ಅಷ್ಟರಲ್ಲಿ ಮುನಿತಾಯಮ್ಮ ಸ್ಟೀಲ್ ಲೋಟದಲ್ಲಿ ಕಾಫಿ ಹಿಡಿದು ಬಂದಳು. "ಕುಡೀರಿ ಮೇಷ್ಟ್ರೇ. ಊಟನೂ ಮಾಡ್ಕಂಡೇ ಓಗ್ಬೇಕು, ಇತ್ಕವರೆಬೇಳೆ ಸಾರ್ ಮಾಡ್ತೀನಿ."

"ಬಿಡು ಅಜ್ಜಿ, ಸಾರ್‌ಗೆ ಟೈಮ್ ಇಲ್ಲ," ಅಂದಳು ಬಿಂದುಶ್ರೀ. "ಮಾರೇನಹಳ್ಳಿಗೆ ಹೋಗ್ಬೇಕು ಅವ್ರು, ರೇವಂತ್ ಮನೆಗೆ."

ಅವನು ಹಾಗೆಂದು ಹೇಳಿರಲಿಲ್ಲ. ನಿಜ ಹೇಳಬೇಕೆಂದರೆ, ಆ ಹುಡುಗನ ನೆನಪೇ ಅವನಿಗೆ ಬಂದಿರಲಿಲ್ಲ. ಕಾಫಿ ಮುಟ್ಟದೆ ಎದ್ದು, ತಲೆ ತಗ್ಗಿಸಿಕೊಂಡು ಬಾಗಿಲು ದಾಟಿದ.